ಪರಮಪ್ರಸಾದದ ಸಾಲಿನಲ್ಲಿ ನನ್ನ ಭಾವ

ನನ್ನ ಭಾವನಿಗೆ ನಮ್ಮ ಕಥೋಲಿಕ ಚರ್ಚಿನಲ್ಲಿ ಪರಮಪ್ರಸಾದ ಕೊಡಬಹುದೇ ಎಂದು ನಾನು ಕಲಬುರಗಿಯ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಕೇಳಿದಾಗ, ಉತ್ತರಕ್ಕೆ ಮೊದಲು ಒಂದು ಮರುಪ್ರಶ್ನೆ ಬಂತು.

“ಇದನ್ನ ಕೇಳಂತ ನಿಮಗ ಯಾರು ಹೇಳಿ ಕಳಿಸ್ಯಾರ್ರಿ?”

ಕೇಳಿದವರು ಸಮಿತಿಯ ಹಿರಿಯ ಸದಸ್ಯರು, ನಿವೃತ್ತ ಹೆಡ್ ಮಾಸ್ತರರು. ಯಾರೂ ಹೇಳಿ ಕಳಿಸಿಲ್ಲ, ಭಾವನೇ ಕೇಳಿಕೊಂಡಿದ್ದಾನೆ, ನಾನು ಅವನ ಪರವಾಗಿ ಬಂದಿದ್ದೇನೆ ಎಂದೆ. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ನಾನು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ಅವರು ನಂಬಿರಲಿಲ್ಲ.

ಭಾವ ಕಮಲಾಪುರದವನು, ಹುಟ್ಟಾ ಪ್ರಾಟೆಸ್ಟೆಂಟ್. ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಕಲಬುರಗಿ ಪಕ್ಕದ ನಂದೂರಿನ ಬೇಳೆ ಮಿಲ್ಲುಗಳ ಮೋಟರು ಕೆಟ್ಟರೆ ಅವನಿಗೇ ಕರೆ ಬರುತ್ತದೆ. ಅಕ್ಕನನ್ನು ಅವನು ಮದುವೆಯಾದದ್ದು ನಮ್ಮ ಚರ್ಚಿನಲ್ಲಿ, ಧರ್ಮಾಧ್ಯಕ್ಷರ, ಅಂದರೆ ಬಿಷಪರ, ಅನುಮತಿಯೊಂದಿಗೆ. ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಅಂದು ಒಪ್ಪಿದ್ದ ಅವನು ಆ ಮಾತಿಗೆ ತಪ್ಪಲಿಲ್ಲ. ಭಾನುವಾರಗಳಂದು ಹೆಂಡತಿ ಮಗಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಕಲಬುರಗಿಗೆ ಬರುತ್ತಾನೆ, ಬಲಿಪೂಜೆ ಮುಗಿಯುವವರೆಗೆ ಅವರ ಪಕ್ಕದಲ್ಲಿ ಕೂರುತ್ತಾನೆ. ಪೀಠದ ಬಳಿ ಪವಿತ್ರ ರೊಟ್ಟಿ ಕೊಡುವ ಪರಮಪ್ರಸಾದದ ಹೊತ್ತಿಗೆ ಬೆಂಚಿನವರೆಲ್ಲ ಎದ್ದು ಹೊರಟಾಗ ಅವನೊಬ್ಬನೇ ಮೊಣಕಾಲು ಓರೆ ಮಾಡಿ ಉಳಿದವರಿಗೆ ದಾರಿ ಬಿಡುತ್ತಾನೆ. ಅವನ ಸಭೆಯಲ್ಲಿ ರೊಟ್ಟಿ ಹಂಚುವ ಕರ್ತನ ಭೋಜನವಿರುವ ಭಾನುವಾರ ಮಾತ್ರ ಮಗಳನ್ನು ಕರೆದುಕೊಂಡು ಕಮಲಾಪುರದಲ್ಲೇ ಉಳಿಯುತ್ತಾನೆ.

ಈ ವರ್ಷ ಮಗಳಿಗೆ ಮೊದಲ ಪರಮಪ್ರಸಾದ. ತಂದೆತಾಯಿ ಮಗುವಿನ ಎಡಬಲಕ್ಕೆ ನಿಂತು, ಅದರೊಂದಿಗೆ ತಾವೂ ಸ್ವೀಕರಿಸುವುದು ನಮ್ಮಲ್ಲಿನ ರೂಢಿ. ಅದನ್ನು ಕೇಳಿದ ದಿನ ಭಾವ ನನ್ನನ್ನು ಪಕ್ಕಕ್ಕೆ ಕರೆದ.

“ಕಾಲೇಜಿನ್ಯಾಗ ಮಾತಾಡಿ ಮಾತಾಡಿ ಕಪ್ ತಂದಾಂವ ನೀ. ನನ್ನ ಸಲುವಾಗಿ ಒಂದ್ ಮಾತ್ ಕೇಳಿ ನೋಡಪಾ, ವಕೀಲ್ ಸಾಬ್. ಅವತ್ತೊಂದಿನ ಕೂಸಿನ ಬಾಜೂಕ ನಿಂತು ನಾನೂ ತಗೋಬೇಕಂತ ಮನಸ್ಸದ.”

ನಾನು ವಕೀಲನಲ್ಲ, ಉಪನ್ಯಾಸಕ. ಆದರೂ ವಕೀಲನಂತೆಯೇ ತಯಾರಾದೆ. ಭಾವನ ದೀಕ್ಷಾಸ್ನಾನವನ್ನು ನಮ್ಮ ಧರ್ಮಸಭೆಯೇ ಮಾನ್ಯ ಮಾಡುತ್ತದೆ. ಗಂಭೀರ ಅಗತ್ಯವಿದ್ದಲ್ಲಿ, ನಮ್ಮ ನಂಬಿಕೆಯನ್ನೇ ಈ ಸಂಸ್ಕಾರದ ವಿಷಯದಲ್ಲಿ ಹೊಂದಿರುವ ಇತರ ಕ್ರೈಸ್ತರಿಗೆ ಧರ್ಮಾಧ್ಯಕ್ಷರು ಅನುಮತಿ ನೀಡಲು ನಮ್ಮ ಕಾನೂನಿನಲ್ಲಿ ಒಂದು ಇಕ್ಕಟ್ಟಾದ ಬಾಗಿಲಿದೆ. ಒಂದೇ ಮನೆಯಲ್ಲಿ ಉಂಡು ಒಂದೇ ಪ್ರಾರ್ಥನೆ ಹೇಳುವವರು ಪೀಠದೆದುರು ಮಾತ್ರ ಬೇರಾಗುವುದು ಗಂಭೀರ ಅಗತ್ಯವಲ್ಲವೇ? ಈ ಪ್ರಶ್ನೆಯನ್ನು ಧರ್ಮಾಧ್ಯಕ್ಷರಿಗೆ ಮುಟ್ಟಿಸಿ, ಇಷ್ಟೇ ನನ್ನ ಬೇಡಿಕೆ ಎಂದೆ.

“ನಾಳೆ ನಮ್ಮ ಮಂದೀನ್ನ ಅವರ ಪ್ರಾರ್ಥನಾ ಕೂಟಕ್ಕ ಕರ್ಕೊಂಡ್ ಹೋದ್ರ?” ಎಂದರು ಹೆಡ್ ಮಾಸ್ತರರು. “ಅಂವ ನಂದೂರಿಗೆ ಬರಾದು ಬರೇ ಮೋಟರ್ ಸಲುವಾಗಿ ಅಂತ ಯಾರು ನೋಡ್ಯಾರ್ರಿ?”

“ಮೋಟರೇ ನೋಡಿರಬೇಕ್ರಿ,” ಎಂದೆ. ಯಾರೂ ನಗಲಿಲ್ಲ.

ನಮ್ಮ ಚರ್ಚಿನ ಗುರುಗಳಾದ ಫಾದರ್ ಮಾತ್ರ ಮುಗುಳ್ನಗುತ್ತ ತಲೆಯಾಡಿಸುತ್ತಿದ್ದರು. ಅವರು ಕರಾವಳಿಯ ಕಡೆಯವರು, ಪುಸ್ತಕದಂಥ ಕನ್ನಡ ಆಡುವವರು. ಆ ನಗೆಯನ್ನು ನಾನು ನಂಬಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ನನ್ನ ಮಾತಿಗೆ ಹೀಗೆ ತಲೆದೂಗಿದ ತೀರ್ಪುಗಾರರೆಲ್ಲ ಕೊನೆಗೆ ಎದುರಾಳಿಗೇ ಅಂಕ ಕೊಟ್ಟಿದ್ದರು. “ಸದ್ಯಕ್ಕೆ ಅವರು ಎದೆಯ ಮೇಲೆ ಕೈಕಟ್ಟಿಕೊಂಡು ಬರಲಿ, ಆಶೀರ್ವಾದ ಕೊಡುತ್ತೇನೆ,” ಎಂದರು ಅವರು. “ಮಗುವಿನ ಮೊದಲ ಪರಮಪ್ರಸಾದದ ದಿನ ಕಳೆದ ಮೇಲೆ ಅವರಿಗೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ಸರಿಯಿದ್ದರೆ ನಾನೇ ಬಿಷಪರ ಬಳಿ ಹೋಗಿ ಮುಂದಿನ ದಿನಗಳಿಗಾಗಿ ಅನುಮತಿ ಕೇಳುತ್ತೇನೆ.”

ಮಗಳ ಆ ದಿನ ಕೈತಪ್ಪಿತು. ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಭಾವ ಒಪ್ಪಿದ. ಮುಂದಿನ ಭಾನುವಾರ ಎಂದಿನಂತೆ ಫಾದರ್ ಮನೆಗೆಂದು ಕಮಲಾಪುರದ ಕೆಂಪು ಬಾಳೆಯ ಚಿಪ್ಪೊಂದನ್ನು ತಂದಾಗ, ಅಡುಗೆಯಾಕೆ ಅದನ್ನು ಬಾಗಿಲಲ್ಲೇ ತಡೆದಳು. “ಈ ವಾರ ಬ್ಯಾಡಂತ್ರಿ.” ಇಷ್ಟು ವರ್ಷ ಹಣ್ಣಾಗಿದ್ದದ್ದು ಈಗ ಲಂಚದಂತೆ ಕಾಣತೊಡಗಿತ್ತು. ಭಾವ ಅದನ್ನು ಅಂಗಳದಲ್ಲಿ ಆಡುತ್ತಿದ್ದ ಮಕ್ಕಳಿಗೆ ಹಂಚಿಬಿಟ್ಟ.

ಎರಡೂ ಕಡೆಯ ಮಾತು ತಿಳಿದಿರಬೇಕೆಂಬುದು ನಾನು ಕಲಿತ ಶಿಸ್ತು. ಹಾಗಾಗಿ ಅವನ ಸಭೆಯ ಭೋಜನದ ಭಾನುವಾರ ನಾನೂ ಕಮಲಾಪುರಕ್ಕೆ ಹೋದೆ. ಅಲ್ಲಿ ರೊಟ್ಟಿಯ ತುಣುಕುಗಳ ತಟ್ಟೆ ಸಾಲಿನಿಂದ ಸಾಲಿಗೆ ಸಾಗುತ್ತದೆ. ತೆಗೆದುಕೊಂಡವರು ಕೂಡಲೇ ತಿನ್ನುವುದಿಲ್ಲ. ಕೊನೆಯ ಬೆಂಚಿನವರಿಗೂ ಸಿಗುವ ತನಕ ಅಂಗೈಯಲ್ಲಿ ಹಿಡಿದು ಕಾಯುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ತಿನ್ನುತ್ತಾರೆ. ಮೊದಲ ಪರಮಪ್ರಸಾದ ಇನ್ನೂ ಆಗಿರದ ಸೊಸೆ, ಅಕ್ಕನ ಮಗಳು, ತನ್ನ ಬರಿಯ ಅಂಗೈಯನ್ನೂ ಚಾಚಿ, ತಂದೆಯ ಪಕ್ಕ ಹಾಗೆಯೇ ಕಾಯುತ್ತ ಕುಳಿತಿದ್ದಳು. ತಟ್ಟೆ ನನ್ನೆದುರು ಬಂದಾಗ, ನಮ್ಮ ಧರ್ಮಸಭೆಯ ನಿಯಮದಂತೆ, ನಾನು ಅದನ್ನು ಮುಂದಕ್ಕೆ ದಾಟಿಸಿದೆ.

ಅವರ ಪಾದ್ರಿಯವರು ಅದನ್ನು ನೋಡಿದ್ದರು. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ನನ್ನ ಕೈ ಹಿಡಿದವರು ಬಿಡಲೇ ಇಲ್ಲ.

“ನಮ್ಮ ರೊಟ್ಟಿ ನಿಮಗ ನಡೆಯಂಗಿಲ್ಲ. ನಿಮ್ಮ ಪ್ರಸಾದ ಮಾತ್ರ ನಮ್ಮ ಹುಡುಗಗ ಬೇಕು. ಇದು ಯಾವ ಸೀಮಿ ವಾದ್ರಿ ಸರ?”

“ಒಂದ್ ಬಾಗಿಲ ಮೊದಲ ತೆಗೀಲ್ರಿ. ಆಮ್ಯಾಲ ಇನ್ನೊಂದು.”

“ಬಾಗಿಲ ತೆಗದವರು ಒಳಗ ಕರಕೊಂಡು ಚಿಲಕ ಹಾಕ್ತಾರ್ರಿ. ನಮಗೂ ತಿಳೀತದ.” ಅವರು ನಗುತ್ತಲೇ ಹೇಳಿದರು. ಹಿಂದೆ ನಿಂತಿದ್ದ ಭಾವನ ತಾಯಿಯ ಮುಖದಲ್ಲಿ ಮಾತ್ರ ನಗೆಯಿರಲಿಲ್ಲ. ನಾನು ಅವರ ಮಗನನ್ನು ಕಸಿಯಲು ಬಂದವನಂತೆ ನನ್ನ ಚಪ್ಪಲಿಯಿಂದ ತಲೆಯವರೆಗೆ ನೋಡಿದರು.

ಮೊದಲ ಪರಮಪ್ರಸಾದದ ದಿನ ಸೊಸೆ, ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಅಕ್ಕ ಅಂಗಡಿ ಅಂಗಡಿ ಸುತ್ತಿ ಆರಿಸಿದ ಬಿಳಿಯ ಫ್ರಾಕಿನಲ್ಲಿ ಬಂದಳು. ಎಡಕ್ಕೆ ಅಕ್ಕ, ಬಲಕ್ಕೆ, ಎದೆಯ ಮೇಲೆ ಕೈಗಳನ್ನು ಅಡ್ಡಕ್ಕೆ ಕಟ್ಟಿಕೊಂಡು ಭಾವ. ನಾನು ಮುಂದಿನ ಬೆಂಚಿನಲ್ಲೇ ಇದ್ದೆ.

“ಕ್ರಿಸ್ತರ ದೇಹ.”

“ಆಮೆನ್,” ಎಂದಳು ಸೊಸೆ. ಅಂಗೈಯಲ್ಲಿ ಪ್ರಸಾದವಿತ್ತು. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ತಾಯಿ ಸ್ವೀಕರಿಸುವವರೆಗೆ ಕಾದಳು, ಬಳಿಕ ತಂದೆಯ ಕಡೆ ತಿರುಗಿ ನಿಂತಳು. ನಮ್ಮಲ್ಲಿ ಪ್ರಸಾದವನ್ನು ಅಲ್ಲೇ, ಗುರುಗಳ ಎದುರೇ ಸೇವಿಸಬೇಕು. ಕೈಯಲ್ಲಿಟ್ಟುಕೊಂಡವರನ್ನು ಕಳ್ಳರಂತೆ ಕಾಣುತ್ತಾರೆ. ಹಿಂದಿನ ಸಾಲು ನಿಂತುಹೋಯಿತು.

“ಸ್ವೀಕರಿಸು ಮಗು,” ಎಂದರು ಫಾದರ್ ಮೆಲ್ಲಗೆ.

“ಪಪ್ಪಾಗ ಇನ್ನಾ ಸಿಕ್ಕಿಲ್ರಿ.”

ಫಾದರ್ ಕೊರಳಿಗೆ ಸಿಕ್ಕಿಸಿಕೊಂಡಿದ್ದ ಮೈಕು ಆ ಸಣ್ಣ ದನಿಯನ್ನು ಇಡೀ ಚರ್ಚಿಗೆ ಕೇಳಿಸಿತು. ಜನ ಮಗುವಿನತ್ತ ನೋಡಿದರು. ಹೆಡ್ ಮಾಸ್ತರರು ನನ್ನತ್ತ ನೋಡಿದರು.

ಭಾವ ಕಟ್ಟಿದ ಕೈ ಬಿಡದೆಯೇ ಬಗ್ಗಿ, “ನೀ ತಗೋ ಅವ್ವಾ. ಇಲ್ಲಿ ಹಿಂಗೇ ತಗೋತಾರ,” ಎಂದ. ಅವಳು ಬಾಯಿಗೆ ಹಾಕಿಕೊಂಡಳು. ಫಾದರ್ ಭಾವನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು.

ಬಲಿಪೂಜೆಯ ನಂತರ ಅಂಗಳದಲ್ಲಿ ಹೆಡ್ ಮಾಸ್ತರರು ನೇರವಾಗಿ ನನ್ನ ಬಳಿಗೆ ಬಂದರು.

“ಛಲೋ ಕಲಿಸೀರಿ ಬಿಡ್ರಿ. ಮೈಕಿನ ಮುಂದ ಕರೆಕ್ಟ್ ಟೈಮಿಗೆ ಹೇಳ್ತು ಕೂಸು.”

ನಾನು ಏನೂ ಕಲಿಸಿಲ್ಲವೆಂದೆ. ಕಮಲಾಪುರದ ಪದ್ಧತಿಯನ್ನು ವಿವರಿಸಿದೆ: ಮಗು ಅಲ್ಲಿ ಕಂಡದ್ದನ್ನು ಇಲ್ಲಿ ಮಾಡಿದೆ, ಎಲ್ಲರಿಗೂ ಸಿಗುವವರೆಗೆ ಕಾಯುವುದೇ ಮರ್ಯಾದೆ ಎಂದು ತಿಳಿದಿದೆ, ಅಷ್ಟೇ.

“ಹೌದಾ? ಅಲ್ಲಿ ಹಂಗ ಮಾಡ್ತಾರಂತ ನಿಮಗ ಹ್ಯಾಂಗ ಗೊತ್ತ್ರಿ?”

“ಹೋಗಿದ್ದೆ. ನೋಡೀನಿ.”

“ಅಂದ್ರ ಎಲ್ಲಾ ನೋಡ್ಕೊಂಡೇ ಬಂದೀರಿ.”

ನನ್ನ ಸಾಕ್ಷ್ಯವೇ ನನ್ನ ಮೇಲಿನ ಆರೋಪವಾಯಿತು. ಅಕ್ಕ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. “ಖರೇ ಹೇಳು. ನೀ ಏನರೇ ಅಕಿ ಕಿವ್ಯಾಗ ಊದಿದ್ದೇನು?” ಇಲ್ಲವೆಂದೆ. ಅವಳು ಹ್ಞೂಂ ಎಂದಳು, ಆದರೆ ತೋಳು ಬಿಡಲು ತುಸು ತಡಮಾಡಿದಳು.

ಅಷ್ಟರಲ್ಲಿ ಫಾದರ್ ಹೊರಗೆ ಬಂದರು. ಅವರು ಆ ಪ್ರಶ್ನೆಯನ್ನು ಇನ್ನೊಂದು ದಿನಕ್ಕೆ ಮುಂದೂಡಬಹುದಿತ್ತು. ಹೆಡ್ ಮಾಸ್ತರರು ಅಲ್ಲಿದ್ದುದರಿಂದಲೋ ಏನೋ, ಅಲ್ಲೇ ಕೇಳಿದರು.

“ನಿಮಗೊಂದು ಪ್ರಶ್ನೆ ಕೇಳುತ್ತೇನೆ ಎಂದಿದ್ದೆ. ನಮ್ಮ ಪೀಠದಿಂದ ಕೊಡುವುದು ಏನು ಎಂದು ನೀವು ನಂಬುತ್ತೀರಿ?”

ಈ ಪ್ರಶ್ನೆಗೆ ಉತ್ತರವೇನೆಂದು ನಾನು ಭಾವನಿಗೆ ಹೇಳಿಕೊಟ್ಟಿರಲಿಲ್ಲ. ಅದು ಅವನದೇ ಆಗಿರಬೇಕೆಂದು ಆ ಮಾತನ್ನು ಎತ್ತದೆಯೇ ಇದ್ದೆ. ಅದು ಕ್ರಿಸ್ತರ ದೇಹವೇ ಎಂಬ ಒಂದು ವಾಕ್ಯ ಸಾಕಾಗಿತ್ತು. ಫಾದರ್ ಬಿಷಪರ ಬಳಿಗೆ ಹೋಗಲೇಬೇಕಾಗುತ್ತಿತ್ತು.

ಭಾವ ಮಗಳ ತಲೆಯ ಮೇಲಿನ ಹೂಕಿರೀಟವನ್ನು ಸರಿಪಡಿಸುತ್ತ ಹೇಳಿದ: “ಫಾದರ್, ನಿನ್ನಿ ಕೇಳಿದ್ರ ಹೇಳ್ತಿದ್ದೆರಿ. ಇವತ್ತ ನಾ ಏನ್ ಹೇಳಿದ್ರೂ ಇಂವ ಕಲಿಸಿದ್ದು ಅಂತೀರಿ. ಕೂಸಿನ ಮಾತೇ ಕಲಿಸಿದ್ದಾತು ನಿಮಗ.”

“ಅಂದ್ರ ನಂಬಂಗಿಲ್ಲ ಅಂದಂಗಾತು,” ಎಂದರು ಹೆಡ್ ಮಾಸ್ತರರು.

“ಹಂಗೂ ನಾ ಅಂದಿಲ್ರಿ. ಆ ಮಾತ್ ನನ್ನ ಹಂತ್ಯಾಕೇ, ಮನಸ್ಸಿನ್ಯಾಗೇ ಇರ್ಲಿ.”

“ಹಾಗಾದರೆ ಬಿಷಪರಿಗೆ ನಾನು ಏನು ಹೇಳಲಿ?” ಎಂದರು ಫಾದರ್. ಈಗ ಅವರ ಮುಖದಲ್ಲಿ ನಗೆಯಿರಲಿಲ್ಲ. ಮೊದಲ ಬಾರಿಗೆ ನಾನು ಅವರನ್ನು ನಂಬಬಹುದಾಗಿತ್ತು.

“ಏನೂ ಹೇಳಬ್ಯಾಡ್ರಿ. ನಾ ಕೇಳಿದ್ದು ವಾಪಸ್ ತಗೊಂಡೀನಿ.”

ನಾನು ಬಾಯಿ ತೆರೆದೆ. ಇನ್ನೂ ಮೂರು ವಾದಗಳಿದ್ದವು, ಮೂರೂ ಗಟ್ಟಿಯಾದವು. ಭಾವ ನನ್ನ ಭುಜ ಒತ್ತಿ ಸುಮ್ಮನಿರಿಸಿದ. ಫಾದರ್ ಒಳಗೆ ಹೋದರು. ಅನುಮತಿಯ ಮಾತು ಅಲ್ಲಿಗೆ ಮುಗಿಯಿತು. ಆ ಬೇಡಿಕೆ ನ್ಯಾಯವಾದದ್ದೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಸಂದೇಹ ಮೊದಲು ಬಂದು ಕುಳಿತ ಜಾಗದಲ್ಲಿ ನಿಜವನ್ನು ಎಷ್ಟು ಚೆನ್ನಾಗಿ ಹೇಳಿದರೂ ಅದು ಹೇಳಿಕೊಟ್ಟ ಪಾಠದಂತೆಯೇ ಕೇಳಿಸುತ್ತದೆ.

ಗಾಡಿ ಹತ್ತುವ ಮುನ್ನ ಸೊಸೆ ತಂದೆಯ ಅಂಗಿ ಜಗ್ಗಿದಳು.

“ಪಪ್ಪಾ, ಈಗ ನನಗ ಸಿಕ್ಕದಲ್ಲ. ಹಂಗಾದ್ರ ಕಮಲಾಪುರದಾಗೂ ನಿನ್ನ ಕೂಡ ತಗೋಬೋದು?”

ಭಾವ ಗಾಡಿಯ ಕಿಕ್ ಮೇಲೆ ಕಾಲಿಟ್ಟವನು ಹಾಗೆಯೇ ನಿಂತ. “ಮಾಮಾಗ ಕೇಳು,” ಎಂದ.

ಅವಳು ನನ್ನತ್ತ ತಿರುಗಿದಳು. ಉತ್ತರಿಸುವ ಮೊದಲು ನಾನು ಗೇಟಿನ ಕಡೆ ನೋಡಿದೆ. ಹೆಡ್ ಮಾಸ್ತರರು ಅಲ್ಲಿ ನಮ್ಮತ್ತಲೇ ಕಿವಿಗೊಟ್ಟು ನಿಂತಿದ್ದರು.