ಸ್ಕೂಟರ್ ಟ್ಯೂಬಿನ ಬೆಲ್ಟು

ಸಾವಿರದ ಒಂಬೈನೂರ ಎಂಬತ್ತೈದರ ಬೇಸಿಗೆಯ ಒಂದು ಗುರುವಾರ ರಾಯಚೂರಿನ ಅಬ್ದುಲ್ ವಹೀದನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಹೊಟ್ಟೆ ಕೆಟ್ಟಿರಲಿಲ್ಲ, ಯಾರೂ ಬೈದಿರಲಿಲ್ಲ. ಹೈದರಾಬಾದಿನಿಂದ ಸಾಮಾನು ತಂದು ಮಾರುವ ವಿರೂಪಣ್ಣ ಬೆಳಿಗ್ಗೆ ಅವನ ರೆಕಾರ್ಡಿಂಗ್ ಅಂಗಡಿಗೆ ಬಂದು, ಮೇಜಿನ ಮೇಲೆ ಒಂದು ಹೊಸ ಯಂತ್ರವನ್ನಿಟ್ಟು, ಅರ್ಧ ಗಂಟೆ ತೋರಿಸಿ, ಮತ್ತೆ ಬಟ್ಟೆ ಸುತ್ತಿಕೊಂಡು ಹೋಗಿದ್ದ. ಅಷ್ಟೇ. ಆ ಯಂತ್ರಕ್ಕೆ ಕ್ಯಾಸೆಟ್ ಹಾಕಲು ಒಂದಲ್ಲ, ಎರಡು ಬಾಯಿ. ಒಂದು ಹಾಡುತ್ತಿದ್ದರೆ ಇನ್ನೊಂದು ಅದನ್ನು ತುಂಬಿಕೊಳ್ಳುತ್ತದೆ. ಒಂದು ಗುಂಡಿ ಒತ್ತಿದರಂತೂ ಗಂಟೆಯ ಕ್ಯಾಸೆಟ್ಟು ಅರ್ಧ ಗಂಟೆಯಲ್ಲಿ ತಯಾರು! ದನಿ ಏರಿದಂತೆ, ಇಳಿದಂತೆ ಹಸಿರು ಕೆಂಪು ದೀಪಗಳು ಕುಣಿಯುತ್ತವೆ. ನಲವತ್ತು ದಾಟಿದ ಗಂಡಸು ಆ ದೀಪಗಳ ಮುಂದೆ ಬಾಯಿ ತೆರೆದು ನಿಂತಿದ್ದನ್ನು ಪಕ್ಕದ ಬಳೆ ಅಂಗಡಿಯವರು ಕಣ್ಣಾರೆ ನೋಡಿದರು.

"ಸೋಮವಾರ ಹನ್ನೆರಡಕ್ಕ ಬರ್ತೀನ್ರೀ," ಎಂದಿದ್ದ ವಿರೂಪಣ್ಣ. "ನಿಮ್ಮ ಹಳೇ ಸ್ಪೂಲ್ ಮಷಿನ್ ನನಗ ಕೊಡ್ರಿ, ಇದನ್ನ ನೀವು ಇಟಗೊಳ್ರಿ. ಹೈದರಾಬಾದದಾಗ ಒಬ್ಬ ಶೋಕಿನ್ ಸಾಹೇಬ್ರು ಅಂಥಾದ್ದನ್ನ ಹುಡುಕಾಕತ್ತಾರ. ಎರಡು ಗಂಟೆ ರೈಲಿಗೆ ನಾ ಹೋಗಾಂವ. ನೀವು ಒಲ್ಲೆ ಅಂದ್ರ ಇದು ಗುಲ್ಬರ್ಗಾದಾವ್ರಿಗೆ ಹೋಗತದ, ಮತ್ತ ನನ್ನ ಬೈಬ್ಯಾಡ್ರಿ."

ಒಲ್ಲೆ ಎನ್ನುವುದೆಲ್ಲಿ ಬಂತು? ವಹೀದನ ಮನಸ್ಸು ಆಗಲೇ ಆ ಎರಡು ಬಾಯಿಗಳೊಳಗೆ ಬಿದ್ದು ಹೋಗಿತ್ತು. ಕ್ಯಾಸೆಟ್ ತುಂಬಲು ಅವನ ಬಳಿ ಇದ್ದ ಸಣ್ಣ ಟೇಪ್‌ರೆಕಾರ್ಡರು ಎರಡು ತಿಂಗಳ ಹಿಂದೆ ಕೆಟ್ಟು ಮೂಲೆ ಸೇರಿತ್ತು. ಊರೆಲ್ಲ ಕ್ಯಾಸೆಟ್ ಕೇಳುತ್ತಿದ್ದ ಕಾಲ. ಗಿರಾಕಿಗಳು ಮೆಟ್ಟಿಲ ತನಕ ಬಂದು ವಾಪಸು ಹೋಗುತ್ತಿದ್ದರು.

ಈ ವಹೀದ ಹುಟ್ಟಿದ್ದು ಪೋತ್ನಾಳದಲ್ಲಿ. ಹುಡುಗನಿದ್ದಾಗ ಮದುವೆಗಳಿಗೆ ಮೈಕ್‌ಸೆಟ್ ಹೊತ್ತು ತಿರುಗಿದವನು. ಎಪ್ಪತ್ತೆರಡರಲ್ಲಿ, ಮುಚ್ಚಿಹೋದ ಒಂದು ನಾಟಕ ಕಂಪನಿಯಿಂದ ಸ್ಪೂಲ್ ಯಂತ್ರ ಕೊಂಡು ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಕೋಣೆ ಹಿಡಿದ. ಊಟದ ತಾಟಿನಷ್ಟು ಅಗಲದ ಎರಡು ಗಾಲಿ, ಒಂದರಿಂದ ಇನ್ನೊಂದಕ್ಕೆ ಸುತ್ತಿಕೊಳ್ಳುವ ಕಂದು ಟೇಪು, ಎತ್ತಿದರೆ ಸೊಂಟ ಹಿಡಿಯುವ ಭಾರ. ಅದನ್ನೇ ಬಸ್ಸಿನ ಮೇಲೇರಿಸಿಕೊಂಡು ದೇವದುರ್ಗದ ಮೊಹರಂ ಪದ, ಚೀಕಲಪರ್ವಿಯ ಭಜನೆ, ದೇವಸುಗೂರಿನ ಡೊಳ್ಳು ಎಲ್ಲವನ್ನೂ ಹಿಡಿದು ತಂದ. ನಲವತ್ತೊಂದು ಸ್ಪೂಲುಗಳು, ಅಷ್ಟೂ ತಗಡಿನ ಡಬ್ಬಿಗಳಲ್ಲಿ. ಸಂಗೀತ ಕಲಿತವನಲ್ಲ. ಆದರೂ ಪ್ರತಿ ಸ್ಪೂಲಿನ ಮೊದಲಿಗೆ ಕೈಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯನ್ನು, ಅಂದರೆ ಕಪ್ಪು ಕೀಲಿಯನ್ನು, ಒಂದು ಸಲ ಒತ್ತಿ, ಆಮೇಲೆ ಊರಿನ ಹೆಸರು ಹೇಳಿ ಶುರು ಮಾಡುವುದು ಅವನ ಪದ್ಧತಿ. ಯಾಕೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಮೈಕ್‌ಸೆಟ್ಟಿನ ಉಸ್ತಾದರು ಹಾಗೆ ಮಾಡುತ್ತಿದ್ದರು, ಇವನೂ ಮಾಡಿದ.

ಎಲ್ಲ ಡಬ್ಬಿಗಳಿಗಿಂತ ಅವನಿಗೆ ಪ್ರೀತಿಯವು ಮಾನ್ವಿಯ ಒಂಬತ್ತು ಡಬ್ಬಿಗಳು. ಅಲ್ಲಿನ ಶಾಲೆಯ ಮಾಸ್ತರ ವಾದಿರಾಜರ ತಾಯಿ ಅಹಲ್ಯಾಬಾಯಿ ದೇವರ ಹಾಡು, ಹಸೆಯ ಹಾಡು ಹಾಡುತ್ತಿದ್ದರು. ಬೆಳಗಿನ ಹೊತ್ತು ಅವರು ಮಡಿಯಲ್ಲಿರುವವರು, ಮೈಕು ಮುಟ್ಟುವಂತಿಲ್ಲ. ಅದಕ್ಕೆ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ದಾರ ಕಟ್ಟಿ ಮೈಕು ತೂಗುಬಿಟ್ಟು, ವಹೀದ ಯಂತ್ರದೊಂದಿಗೆ ಹೊರಗಿನ ಪಡಸಾಲೆಯಲ್ಲಿ ಕೂತಿರುತ್ತಿದ್ದ. "ಕೈ ಸುಮ್ಮ ಇಟಗೊಂಡು ಹಾಡ್ಲಿಕ್ಕೆ ಬರಂಗಿಲ್ಲಪಾ ನನಗ," ಎಂದು ಆಕೆ ಮಜ್ಜಿಗೆ ಕಡೆಯುತ್ತಲೋ ಹೂ ಕಟ್ಟುತ್ತಲೋ ಹಾಡುತ್ತಿದ್ದರು. ಒಂದು ಸಲವಂತೂ ಹಸೆಯ ಹಾಡಿನ ನಡುವೆ ನಿಲ್ಲಿಸಿ, ಸೊಸೆ ಜಯಾಬಾಯಿಗೆ "ಜಯಾ, ಹಾಲು ಉಕ್ಕಲಿಕ್ಕತ್ತಾವ ನೋಡು!" ಎಂದು ಕೂಗಿ, ಮತ್ತೆ ಬಿಟ್ಟ ಜಾಗದಿಂದಲೇ ಹಾಡಿದ್ದರು. ಅದನ್ನು ಕತ್ತರಿಸಿ ತೆಗೆಯಿರಿ ಎಂದು ಮಾಸ್ತರರು ನಾಚಿಕೊಂಡು ಹೇಳಿದರೂ ವಹೀದ ತೆಗೆಯಲಿಲ್ಲ.

ಹೋದ ವರ್ಷ ಅಹಲ್ಯಾಬಾಯಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಈಗ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಹಸೆಗೆ ಕರೆಯುವ ಹಾಡು ಮನೆಯ ಹಿರಿಯಳದೇ ಆಗಬೇಕು. "ವಹೀದ್ ಸಾಹೇಬ್ರ, ನಮ್ಮವ್ವನ ದನಿ ಈಗ ನಿಮ್ಮ ಡಬ್ಯಾಗ ಮಾತ್ರ ಅದ," ಎಂದು ವಾದಿರಾಜರು ಬಂದು ಕ್ಯಾಸೆಟ್ ಕೇಳಿಹೋಗಿದ್ದರು.

ಗುರುವಾರ ರಾತ್ರಿ ಊಟದ ಹೊತ್ತಿಗೆ ಹೆಂಡತಿ ಜಾಹೆದಾ ಒಂದೇ ಪ್ರಶ್ನೆ ಕೇಳಿದಳು. ಮನೆಯಲ್ಲಿ ಅವರ ಮಾತು ದಖನಿ ಉರ್ದು. ಆದರೆ ವಾದಕ್ಕೆ ಇಳಿದರೆ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದರು.

"ಮಷಿನ್ ಹೋತು ಅಂದ್ರ ಆ ಡಬ್ಬಿ ಎಲ್ಲಾ ಯಾವುದರ ಮ್ಯಾಲ ಹಚ್ಚತೀರಿ?"

"ದೇವದುರ್ಗದಾಗ ಮಹಾಂತಯ್ಯ ಮಾಸ್ತರ ಹಂತ್ಯಾಕ ಇಂಥಾದ್ದೇ ಅದ. ಅದೇ ಕಂಪನಿ, ಅದೇ ನಮೂನಿ. ಹೊಸಾದು ಅಲ್ಲಿಗೆ ಒಯ್ದು ವೈರ್ ಕೊಟ್ಟು ಕ್ಯಾಸೆಟ್ಟಿಗೆ ಇಳಸ್ತೀನಿ."

"ಒಮ್ಮೆ ಹಚ್ಚಿ ನೋಡಿ ಬರ್ರಿ. ಕೊಟ್ಟಮ್ಯಾಲ ತಲಿ ಬಡಕೋಬ್ಯಾಡ್ರಿ."

ಆಕೆ ಮನೆಯಲ್ಲಿ ಕುಪ್ಪಸ ಹೊಲಿಯುವವಳು, ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. ವಹೀದನಿಗೆ ರೇಗಿತು. ಹೊಸ ಸಾಮಾನಿನ ಹುಚ್ಚು ಹಿಡಿದವನಿಗೆ ಸರಿಯಾದ ಮಾತು ಕೇಳಿದರೆ ರೇಗದೆ ಇನ್ನೇನಾದೀತು! ಆದರೂ ಭಾನುವಾರ ಬೆಳಿಗ್ಗೆ ಹಸೆಯ ಹಾಡಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಆ ದೀಪಗಳು ಕಣ್ಣ ಮುಂದೆ ಕುಣಿಯುತ್ತಲೇ ಇದ್ದವು.

ಮಹಾಂತಯ್ಯ ನಾಟಕದ ಹಾರ್ಮೋನಿಯಂ ಮಾಸ್ತರರು. ಆ ಪೆಟ್ಟಿಗೆಯ ಮುಂದೆ ಕೂತರೆ ಊಟ ಮರೆಯುವವರು. ಚಹಾ ಕೊಟ್ಟು, ಯಂತ್ರದ ಮೇಲಿನ ಧೂಳು ಒರೆಸಿ, ಸ್ಪೂಲು ಹಚ್ಚಿದರು. ಗಾಲಿ ತಿರುಗಿತು. ಹಾರ್ಮೋನಿಯಂನ ಸ್ವರ ಬಂತು, ವಹೀದ "ಮಾನ್ವಿ" ಎಂದದ್ದು ಬಂತು, ಹಾಡು ಬಂತು.

ಅದು ಅಹಲ್ಯಾಬಾಯಿಯ ದನಿ ಆಗಿರಲಿಲ್ಲ. ವಾರದಿಂದ ಜ್ವರ ಬಂದು ಮಲಗಿದ್ದ ಯಾರೋ ಎದ್ದು ಕೂತು, ಬೇಸರದಿಂದ ಹಾಡಿದಂತಿತ್ತು. ದಪ್ಪ, ಭಾರ, ನಿಧಾನ. ಹಾಲು ಉಕ್ಕುವ ಆ ಕೂಗಿನಲ್ಲೂ ಅವಸರವೇ ಇರಲಿಲ್ಲ.

"ನಿಮ್ಮ ಮಷಿನ್ ಕೆಟ್ಟದರೀ ಮಾಸ್ತರ," ಎಂದುಬಿಟ್ಟ.

ಮಹಾಂತಯ್ಯನವರು ಸಿಟ್ಟಾಗಲಿಲ್ಲ. ಯಂತ್ರದ ಕಂಪನಿಯೇ ತುಂಬಿ ಕೊಟ್ಟಿದ್ದ ಒಂದು ಸ್ಪೂಲು ಹಚ್ಚಿ, ಪಕ್ಕದಲ್ಲಿ ಪೆಟ್ಟಿಗೆ ಬಾರಿಸಿ ತೋರಿಸಿದರು. ಕೂದಲೆಳೆಯ ಫರಕಿಲ್ಲ. ಆಮೇಲೆ ವಹೀದನ ಸ್ಪೂಲಿನ ಮೊದಲ ಸ್ವರ ಕೇಳಿಸಿ ಎರಡನೆಯ ಕಪ್ಪು ಮನೆ ಒತ್ತಿದರು. ಎರಡೂ ಕೂಡಲಿಲ್ಲ. ಅದಕ್ಕೂ ಕೆಳಗಿನ ಬಿಳಿ ಮನೆ ಒತ್ತಿದರು. ಕೂಡಿತು.

"ಒಂದು ಮನಿ ಇಳದದ ನೋಡ್ರಿ. ನನ್ನ ಮಷಿನ್ ಛಲೋ ಅದ. ನಿಮ್ಮದು ಜೋರು ಓಡಾಕತ್ತದ, ಹಾಡು ಹಿಡಿಯುವಾಗನ. ಒಳಗ ಏನು ಹಾಕೀರಿ?"

ವಹೀದ ಹಣೆಗೆ ಕೈ ಹಚ್ಚಿ ಕೂತ. ಎಪ್ಪತ್ಮೂರರಲ್ಲಿ, ಮೊದಲ ಸ್ಪೂಲು ಹಿಡಿಯುವ ಮುಂಚೆಯೇ, ಯಂತ್ರದೊಳಗಿನ ಬೆಲ್ಟು ಹರಿದಿತ್ತು. ಕಂಪನಿಯದು ಎಲ್ಲೂ ಸಿಗಲಿಲ್ಲ. ಗಂಡ ಹೆಂಡತಿ ಸೇರಿ ಹಳೆಯ ಸ್ಕೂಟರ್ ಟ್ಯೂಬಿನಿಂದ ಒಂದು ಉಂಗುರ ಕತ್ತರಿಸಿ ಹಾಕಿದ್ದರು. ಸವೆದಾಗಲೆಲ್ಲ ಅದೇ ಟ್ಯೂಬಿನಿಂದ ಇನ್ನೊಂದು. ಕಂಪನಿಯ ಬೆಲ್ಟು ತೆಳು, ಟ್ಯೂಬು ದಪ್ಪ. ದಪ್ಪ ಬೆಲ್ಟಿಗೆ ಯಂತ್ರ ತುಸು ಜೋರಾಗಿ ಓಡುತ್ತಿತ್ತು. ಹಿಡಿಯುವುದೂ ಅದರಲ್ಲೇ, ಕೇಳಿಸುವುದೂ ಅದರಲ್ಲೇ. ಹನ್ನೆರಡು ವರ್ಷ ಯಾರಿಗೆ ಗೊತ್ತಾಗಬೇಕು? ಅವನು ಹಿಡಿದ ನಲವತ್ತೊಂದು ಡಬ್ಬಿಗಳ ದನಿ ಲೋಕದ ಬೇರೆ ಯಾವ ಯಂತ್ರದಲ್ಲೂ ಸರಿ ಬರುವಂತಿರಲಿಲ್ಲ.

ಸಂಜೆ ಮನೆಗೆ ಬಂದವನು ಚಪ್ಪಲಿ ಕಳಚುವ ಮೊದಲೇ ಹೇಳಿದ: "ಹೊಸಾದು ಬ್ಯಾಡ." ನಾಚಿಕೆ ಬಿಟ್ಟು ಹೇಳಬೇಕೆಂದರೆ ಅವನಿಗೆ ಅಳುವೇ ಬಂದಿತ್ತು. ಅಹಲ್ಯಾಬಾಯಿಯ ದನಿ ಬಿಟ್ಟುಕೊಡಲು ಆಗದು, ಆ ಹಸಿರು ಕೆಂಪು ದೀಪಗಳ ಆಸೆಯೂ ಬಿಡದು.

ಜಾಹೆದಾ ಎಲ್ಲವನ್ನೂ ಕೇಳಿದಳು. ಆಮೇಲೆ ನಕ್ಕಳು. "ಮಹಾಂತಯ್ಯ ಮಾಸ್ತರ ಮಷಿನ್ ಅದೇ ಕಂಪನಿದು ಅಂತೀರಿ. ಅದೇ ನಮೂನಿ ಅಂತೀರಿ. ನಡುವ ಬ್ಯಾರೆ ಇರೂದು ಏನು? ಬೆಲ್ಟ್. ಆ ಬೆಲ್ಟ್ ಕತ್ತರಿಸಿದಾಕಿ ಯಾರು? ನಾನು. ನಮ್ಮದನ್ನ ಬಿಚ್ಚಿ ಅವರದಕ್ಕ ಹಾಕಿದ್ರ ಆತು!"

ವಹೀದ ಚಪ್ಪಲಿ ಕಳಚಿ ಒಳಗೆ ಬಂದ. ಇಷ್ಟು ಸರಳವೇ? ದೇವದುರ್ಗದಲ್ಲಿ ಕೂತಾಗ ತನ್ನ ತಲೆಗೇಕೆ ಹೊಳೆಯಲಿಲ್ಲ? ಆದರೆ ಹಾಕಿ ನೋಡಲು ಸಮಯವಿರಲಿಲ್ಲ. ಸೋಮವಾರ ಹನ್ನೆರಡರ ಒಳಗೆ ದೇವದುರ್ಗಕ್ಕೆ ಹೋಗಿ ಬರಲಾಗದು. ಹನ್ನೆರಡಕ್ಕೆ ಬಂದು ಎರಡರ ರೈಲು ಹಿಡಿಯುವವನ ಎದುರು ನಲವತ್ತೊಂದು ಡಬ್ಬಿ ಇಳಿಸಿಕೊಳ್ಳುವ ಮಾತೂ ಇಲ್ಲ. ನಂಬಿ ಕೊಡಬೇಕು, ಇಲ್ಲವೇ ಬಿಡಬೇಕು. ಬೆಲ್ಟು ಅಲ್ಲಿ ಕೂರದಿದ್ದರೆ? ಒಂದು ಮನೆ ಏರಬೇಕಾದದ್ದು ಅರ್ಧವೇ ಏರಿದರೆ? ಮಾನ್ವಿಗೆ ಯಾವ ಮುಖ ಹೊತ್ತು ಹೋಗುವುದು?

ಮರುದಿನ ವಿರೂಪಣ್ಣ ಹೇಳಿದ ಹೊತ್ತಿಗೇ ಬಂದ. ಹಳೆಯ ಯಂತ್ರದ ಹಿಂಬದಿಯ ತಗಡು ಬಿಚ್ಚಿ ಇಣುಕಿದ. "ಬೆಲ್ಟ್ ಎಲ್ಲಿ ಅದರೀ?"

"ಅದು ನಂದು," ಎಂದಳು ಅಂದು ಗಂಡನೊಂದಿಗೆ ಅಂಗಡಿಗೆ ಬಂದಿದ್ದ ಜಾಹೆದಾ. ಬೆಲ್ಟು ಆಗಲೇ ಕುಪ್ಪಸದ ತುಂಡಿನಲ್ಲಿ ಸುತ್ತಿಕೊಂಡು ಆಕೆಯ ಹೊಲಿಗೆ ಪೆಟ್ಟಿಗೆಯೊಳಗೆ ಕೂತಿತ್ತು.

ವಿರೂಪಣ್ಣ ಬಿದ್ದು ಬಿದ್ದು ನಕ್ಕ. "ಇಟಗೊಳ್ಳವ್ವಾ, ಕಂಪನಿ ಬೆಲ್ಟ್ ನನ್ನ ಹಂತ್ಯಾಕ ಅದ."

ಹಳೆಯದು ಹಮಾಲನ ತಲೆಯ ಮೇಲೆ ಮೆಟ್ಟಿಲಿಳಿಯುವಾಗ ವಹೀದ ಅದರ ಮುಚ್ಚಳವನ್ನು ಒಮ್ಮೆ ಸವರಿದ. ಆಮೇಲೆ ಒಳಗೆ ಬಂದು ಹೊಸದಕ್ಕೆ ಕರೆಂಟು ಕೊಟ್ಟ. ದೀಪ ಹತ್ತಿತು. ಆ ಹೊತ್ತಿನಲ್ಲಿ ಅವನಷ್ಟು ಸುಖಿ, ಅವನಷ್ಟು ಹೆದರಿದವನು ರಾಯಚೂರಿನಲ್ಲಿ ಇನ್ನೊಬ್ಬನಿರಲಿಲ್ಲ.

ಮಂಗಳವಾರ ಗಂಡಹೆಂಡಿರಿಬ್ಬರೂ ದೇವದುರ್ಗಕ್ಕೆ ಹೋದರು. ಹೊಸ ಯಂತ್ರ ವಹೀದನ ತೊಡೆಯ ಮೇಲೆ, ಬೆಲ್ಟು ಜಾಹೆದಾಳ ಮಡಿಲಲ್ಲಿ. ಮಹಾಂತಯ್ಯನವರು "ಕೆಲಸಾದ ಮ್ಯಾಲ ನನ್ನ ಬೆಲ್ಟ್ ನನಗ ಹಾಕಿಕೊಡ್ರಿ, ಇಲ್ಲಾಂದ್ರ ನನ್ನ ನಾಟಕದಾವ್ರೆಲ್ಲ ಇಲಿ ಹಂಗ ಚೀರತಾರ," ಎಂದು ಮೊದಲೇ ತಾಕೀತು ಮಾಡಿದರು. ಜಾಹೆದಾ ತಾನೇ ತಗಡು ಬಿಚ್ಚಿ ಟ್ಯೂಬಿನ ಬೆಲ್ಟನ್ನು ಎರಡು ಚಕ್ರಗಳಿಗೆ ಎಳೆದು ಕೂರಿಸಿದಳು. ಸ್ಪೂಲು ತಿರುಗಿತು. ಮೊದಲ ಸ್ವರ ಬಂದಾಗ ಮಹಾಂತಯ್ಯನವರು ಕಣ್ಣು ಮುಚ್ಚಿ ಎರಡನೆಯ ಕಪ್ಪು ಮನೆ ಒತ್ತಿದರು. ಯಾವುದು ಪೆಟ್ಟಿಗೆ, ಯಾವುದು ಟೇಪು ಎಂದು ತಿಳಿಯದ ಹಾಗೆ ಎರಡೂ ಒಂದಾದವು. ವಹೀದ "ಯಾ ಅಲ್ಲಾ!" ಎಂದು ಎಷ್ಟು ಜೋರಾಗಿ ಕೂಗಿದನೆಂದರೆ ಬೀದಿಯವರು ಬಂದು ಇಣುಕಿದರು.

ಶುಕ್ರವಾರದ ನಮಾಜು ಮುಗಿಸಿ ಕ್ಯಾಸೆಟ್ಟು ಹಿಡಿದು ಮಾನ್ವಿಗೆ ಹೋದ. ಅಹಲ್ಯಾಬಾಯಿಯನ್ನು ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಆನಿಸಿ ಕೂರಿಸಿದ್ದರು. ಜಯಾಬಾಯಿ ಅತ್ತೆಯ ಕಾಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದರು. ವಾದಿರಾಜರು ಮನೆಯ ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿದರು. ಹಾಡು ಶುರುವಾಯಿತು: ಆ ಎಳೆಯ, ಚುರುಕಾದ ದನಿ, ಹಿಂದೆ ಮಜ್ಜಿಗೆ ಕಡೆಯುವ ಸದ್ದು. ಅಹಲ್ಯಾಬಾಯಿಯ ಎಡಗೈ ಹೊದಿಕೆಯ ಮೇಲೆ ಮೆಲ್ಲಗೆ ಹಿಂದೆ ಮುಂದೆ ಆಡತೊಡಗಿತು.

"ಜಯಾ, ಹಾಲು ಉಕ್ಕಲಿಕ್ಕತ್ತಾವ ನೋಡು!"

"ಬಂದೆ ಅತ್ತಿ!" ಎಂದು ಜಯಾಬಾಯಿ ಮೊರ ಅಲ್ಲೇ ಬಿಟ್ಟು ಎದ್ದು ಅಡುಗೆಮನೆಗೆ ಓಡಿದರು. ಅಕ್ಕಿ ಪಡಸಾಲೆಯ ತುಂಬ ಚೆಲ್ಲಿತು. ಒಲೆಯ ಮೇಲೆ ಹಾಲಿರಲಿಲ್ಲ, ಒಲೆಯನ್ನೇ ಹೊತ್ತಿಸಿರಲಿಲ್ಲ. ಆಕೆ ಬಾಗಿಲಿಗೆ ವಾಪಸು ಬಂದು ಅತ್ತೆಯ ಮುಖ ನೋಡಿದರು. ವರ್ಷದಿಂದ ಬಿಗಿದುಕೊಂಡಿದ್ದ ಆ ಮುಖದಲ್ಲಿ, ತುಟಿಯ ಒಂದು ಕಡೆಯಿಂದ, ಅಹಲ್ಯಾಬಾಯಿ ನಗುತ್ತಿದ್ದರು.