ಎರಡನೆಯ ಬುತ್ತಿ

ನಾನು ಚಿಕ್ಕವಳಿದ್ದಾಗ, ಮಲಯಾಳ ಸೀಮೆಯ ಕಾಡಂಚಿನ ಮರಕ್ಕಡವಿನ ನಮ್ಮ ಮನೆಯಲ್ಲಿ ರಾತ್ರಿಯೂಟ ಎಂಬುದೇ ಇರಲಿಲ್ಲ. ನಾವು ಜೈನರು. ಹೊತ್ತು ಮುಳುಗುವ ಮುಂಚೆ ಎಲ್ಲರೂ ಉಂಡು, ತಟ್ಟೆ ತೊಳೆದು ಕವುಚಿ ಹಾಕಿರಬೇಕು. ಗೋಡೆಯ ಮೇಲೆ ಗಡಿಯಾರವಿತ್ತು, ಆದರೆ ಅಪ್ಪನ ತಾಯಿ, ನಮ್ಮ ಅಜ್ಜಿ, ಅದನ್ನು ನಂಬುತ್ತಿರಲಿಲ್ಲ. ಹೊತ್ತು ಪಡುವಣ ಮರಗಳ ತುದಿಗೆ ಇಳಿಯಿತೆಂದರೆ ಅಂಗಳದಲ್ಲಿ ನಿಂತು ನನ್ನನ್ನು ಕೂಗುತ್ತಿದ್ದಳು. ನಾನು ಹೊಳೆದಂಡೆಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರೆ, ಇನ್ನೇನು ಗೆಲ್ಲುತ್ತೇನೆ ಎನ್ನುವಾಗಲೇ ಬಿಟ್ಟು ಓಡಬೇಕಿತ್ತು. ಪಕ್ಕದ ತೋಟದ ಅನ್ನಮ್ಮ ನನ್ನ ಜೊತೆಗಾತಿ. ತಿರುವಾಂಕೂರು ಕಡೆಯಿಂದ ಬಂದು ಕಾಡು ಕಡಿದು ನೆಲೆಸಿದ ಕ್ರಿಶ್ಚಿಯನ್ನರ ಮಗಳು. "ಕತ್ತಲಾಗೋ ಮುಂಚೆ ಗೂಡು ಸೇರೋ ಕೋಳಿಗಳು ನೀವು" ಎಂದು ನಗುತ್ತಿದ್ದಳು. ಅವಳ ಮನೆಯಲ್ಲಿ ಕಪ್ಪ, ಅಂದರೆ ಮರಗೆಣಸು, ಬೇಯುವ ವಾಸನೆ ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಹಾಸಿಗೆ ಬಿಡಿಸಿಯಾಗಿರುತ್ತಿತ್ತು.

ನಮಗಿಬ್ಬರಿಗೂ ಏಳನೇ ಕ್ಲಾಸು ಮುಗಿದ ಬೇಸಿಗೆ ಅದು. ಅದೇ ನಕ್ಸಲರ ಗಲಾಟೆಯ ಬೇಸಿಗೆಯೂ ಹೌದು. ಭೂಮಿ ಭೂಮಿ ಎಂದು ಎಲ್ಲ ಕಡೆ ಮಾತು. ಕಾಡಿನೊಳಗೆ ಅವರಿದ್ದಾರೆ, ರಾತ್ರಿ ಬಂದು ಅನ್ನ ಕೇಳುತ್ತಾರೆ ಎಂದು ದೊಡ್ಡವರು ದನಿ ತಗ್ಗಿಸಿ ಹೇಳುತ್ತಿದ್ದರು. ಕವಲುದಾರಿಯಲ್ಲಿ ಪೊಲೀಸರ ಕ್ಯಾಂಪು ಬಂತು. ಹೊಳೆಗೆ ಹೋಗಬೇಡ, ತೋಟದ ಬೇಲಿ ದಾಟಬೇಡ ಎಂದು ದಿನವೂ ಒಂದೊಂದು ಬೇಡ ಸೇರುತ್ತ ಹೋಯಿತು. ಮರದ ಮೇಲೆ ಹಲಸು ಹಣ್ಣಾಗಿ ಊರೆಲ್ಲ ಘಮ್ಮೆನ್ನುತ್ತಿತ್ತು, ನಾನು ಮಾತ್ರ ಜಗಲಿಯಲ್ಲಿ ಕೂತು ಒಣಹಾಕಿದ ಮೆಣಸಿನ ಕಾಳಿಗೆ ಕಾವಲಿರುತ್ತಿದ್ದೆ. ಎಂಥ ಬೇಸರ ಅಂತೀರಿ. ಒಂದೇ ಆಸೆ ನನ್ನನ್ನು ಹಿಡಿದು ನಿಲ್ಲಿಸಿತ್ತು: ಮಳೆಗಾಲ ಶುರುವಾದರೆ ಹೈಸ್ಕೂಲು, ಕಾಡಿನಾಚೆಯ ಪೇಟೆ.

ಒಂದು ಭಾನುವಾರ ನಮ್ಮ ಶಾಲೆಯ ಮಾಷು ಹೈಸ್ಕೂಲಿಗೆ ಹೋಗುವ ಮಕ್ಕಳನ್ನೂ ಮನೆಯವರನ್ನೂ ಶಾಲೆಯ ಜಗಲಿಗೆ ಕರೆಸಿದರು. ಮಲಯಾಳಿ ಮೇಷ್ಟ್ರು ಅವರು, ನಮ್ಮ ಜೊತೆ ಎರಡೂ ಭಾಷೆ ಬೆರೆಸಿ ಮಾತಾಡುತ್ತಿದ್ದರು. ಗಟ್ಟಿ ಕೊಡೆ ತೆಗೆದುಕೊಡಿ, ಹೆಣ್ಣುಮಕ್ಕಳಿಗೆ ಲಂಗ ಉದ್ದ ಹೊಲಿಸಿ, ಹಳೆ ಪುಸ್ತಕ ಯಾರ ಮನೆಯಲ್ಲಿ ಸಿಗುತ್ತದೆಂದು ಈಗಲೇ ಕೇಳಿಡಿ ಎಂದೆಲ್ಲ ಹೇಳಿ, ಕೊನೆಗೆ ನಮ್ಮ ಕಡೆ ತಿರುಗಿದರು.

"ಪೊಲೀಸರನ್ನು ಕಂಡರೆ ಓಡಬೇಡಿ ಮಕ್ಕಳೇ. ಓಡಿದವರನ್ನೇ ಅವರು ಹಿಡಿಯೋದು. ಕಾಡಿನ ಒಳದಾರಿ ಮುಚ್ಚಿದ್ದಾರೆ. ಇನ್ನು ಸುತ್ತು ರಸ್ತೆಯೇ ಗತಿ, ಮನೆ ಸೇರೋವಾಗ ಕತ್ತಲಾಗ್ತದೆ. ಶಾಲೆ ತೆರೆಯೋ ಮುಂಚೆ ಒಂದು ದಿನ ದೊಡ್ಡವರ ಜೊತೆ ಪೂರಾ ನಡೆದು ನೋಡಿ."

ಅಜ್ಜಿ ಕೂತಲ್ಲಿಂದಲೇ ಕೇಳಿದಳು: "ಕತ್ಲಾದ್ ಮ್ಯಾಲೆ ಬಂದ್ರೆ ಇವ್ಳು ಉಣ್ಣೋದ್ ಯಾವಾಗ ಮಾಷೇ?"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಮಾಷು ನಗಲಿಲ್ಲ. "ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಮ್ಮೇ" ಎಂದರು. ನನಗೆ ನಾಚಿಕೆಯಿಂದ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು.

ಉತ್ತರ ಹುಡುಕಿದವಳು ಅಮ್ಮ. ಮಧ್ಯಾಹ್ನಕ್ಕೊಂದು ಬುತ್ತಿ, ಸಂಜೆಗೊಂದು ಬುತ್ತಿ. ಎರಡನೆಯದನ್ನು ದಾರಿಯಲ್ಲೇ, ಹೊತ್ತಿರುವಾಗಲೇ ಕೂತು ಉಣ್ಣುವುದು. ಅಜ್ಜಿಯೂ ಒಪ್ಪಿದಳು. "ಉಂಡ್ಕೊಂಡ್ ಬರ್ಲಿ ಬುಡು. ಆದ್ರೆ ಮನೇಲ್ ಉಣ್ಣಂಗೇ ಉಣ್ಬೇಕು" ಎಂದಳು. ಮನೆಯಲ್ಲಿ ಉಣ್ಣುವುದೆಂದರೆ, ಮೊದಲು ಒಂದು ಹಿಡಿ ಅನ್ನವನ್ನು ಹೊರಗೆ ಎಲೆಯ ಮೇಲೆ ಹಕ್ಕಿಗಳಿಗೆ ಇಟ್ಟು, ಆಮೇಲೆ ನಾವು ಕೂರುವುದು. ಅಜ್ಜಿಯ ಕಾಲದಿಂದ ನಡೆದುಬಂದದ್ದು.

ನಡೆದು ನೋಡುವ ದಿನ ಅಪ್ಪ, ನಾನು, ಅನ್ನಮ್ಮ ಹೊರಟೆವು. ಪೇಟೆ ನೋಡಿದೆವು, ಹೈಸ್ಕೂಲಿನ ಗೇಟು ಹಿಡಿದು ಒಳಗೆ ಇಣುಕಿದೆವು. ಅನ್ನಮ್ಮ ಅಲ್ಲೇ ನಿಂತು ಯಾವ ಕಿಟಕಿ ಪಕ್ಕ ಕೂರಬೇಕೆಂದು ಗೊತ್ತುಮಾಡಿದಳು. ನನಗೆ ಆ ಗೇಟು ಬಿಟ್ಟು ಬರಲು ಮನಸ್ಸೇ ಇರಲಿಲ್ಲ.

ಬರುವಾಗ ಸುತ್ತು ರಸ್ತೆಯ ಅರ್ಧಕ್ಕೇ ಬಿಸಿಲು ಹಳದಿಯಾಯಿತು. ಅಪ್ಪ ಕಾಡಿನಂಚಿನ ಒಂದು ಚಪ್ಪಟೆ ಕಲ್ಲು ನೋಡಿ ಬುತ್ತಿ ಬಿಚ್ಚಿದರು. ಅನ್ನಮ್ಮನನ್ನೂ ಲೆಕ್ಕಕ್ಕೆ ಹಿಡಿದು ಅಮ್ಮ ಧಾರಾಳವಾಗಿ ಕಟ್ಟಿದ್ದಳು. ಬಾಳೆಯೆಲೆಯಲ್ಲಿ ಸುತ್ತಿದ ಅನ್ನದ ವಾಸನೆಗೆ ಬಾಯಲ್ಲಿ ನೀರೂರಿತು. ಅಪ್ಪ ಒಂದು ಹಿಡಿ ಅನ್ನವನ್ನು ಎಲೆಯ ತುಂಡಿನ ಮೇಲೆ ಹಾಕಿ, ನಾಲ್ಕು ಹೆಜ್ಜೆ ಕಾಡಿನೊಳಗೆ ಹೋಗಿ ಮರದ ಬುಡದಲ್ಲಿಟ್ಟು ಬಂದರು. ನಾವಿನ್ನೂ ತುತ್ತು ಎತ್ತಿರಲಿಲ್ಲ, ಜೀಪು ಬಂದು ನಿಂತಿತು.

ಇಳಿದ ಪೊಲೀಸು ಅನ್ನದ ರಾಶಿಯನ್ನೂ ನೋಡಿದ, ಮರದ ಬುಡದ ಎಲೆಯನ್ನೂ ನೋಡಿದ. "ಈ ಚೋರು ಆರ್ಕ್ಕಾ?" ಎಂದ. ಅನ್ನ ಯಾರಿಗೆ ಎಂದು. ಅಪ್ಪ ಹಕ್ಕಿಗಳಿಗೆ ಎಂದರು. "ಕಾಡಿನೊಳಗಿರೋ ಆ ಹಕ್ಕಿಗಳ ಕೈಯಲ್ಲಿ ಬಂದೂಕೂ ಇರ್ತದಲ್ಲ" ಎಂದು ಅವನು ನಕ್ಕ. ಮಧ್ಯಾಹ್ನದ ಊಟದ ಹೊತ್ತಲ್ಲ, ರಾತ್ರಿಯ ಊಟದ ಹೊತ್ತೂ ಅಲ್ಲ, ಇಬ್ಬರು ಹುಡುಗಿಯರನ್ನು ಕರೆದುಕೊಂಡು ಕಾಡಿನ ಬಾಗಿಲಲ್ಲಿ ಇಷ್ಟು ಅನ್ನ ಬಿಚ್ಚಿಟ್ಟವನನ್ನು ಅವರು ಬಿಡುವುದಾದರೂ ಹೇಗೆ? ಬುತ್ತಿಯ ಸಮೇತ ನಮ್ಮನ್ನು ಕ್ಯಾಂಪಿಗೆ ಕರೆದೊಯ್ದರು.

ಅಪ್ಪನನ್ನು ಒಳಗೆ ಕೂರಿಸಿ ನಮ್ಮಿಬ್ಬರನ್ನು ಜಗಲಿಯಲ್ಲಿ ಬಿಟ್ಟರು. ನೋಡನೋಡುತ್ತಲೇ ಹೊತ್ತು ಮುಳುಗಿತು. ವಯಸ್ಸಾದ ಪೊಲೀಸೊಬ್ಬ ನಮಗೆ ಒಂದೊಂದು ಬನ್ನು ತಂದುಕೊಟ್ಟ. ಅನ್ನಮ್ಮ ತಿಂದಳು. "ತಿನ್ನೆಡೀ, ತಿನ್ನೇ, ಇಲ್ಲಿ ನಿನ್ನ ಅಜ್ಜಿ ಇಲ್ಲ" ಎಂದು ಪಿಸುಗುಟ್ಟಿದಳು. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ಭಕ್ತಿಗಿಕ್ತಿ ಏನೂ ಇರಲಿಲ್ಲ. ಆದರೆ ತೆರೆದ ಬಾಗಿಲಿನಿಂದ ಅಪ್ಪ ಕಾಣುತ್ತಿದ್ದರು. ಅವರ ಮುಂದೆ ನಮ್ಮದೇ ಬುತ್ತಿಯಿಟ್ಟು ಅಧಿಕಾರಿ ಹೇಳುತ್ತಿದ್ದ: "ನಿನಗೇ ಕಟ್ಟಿದ್ದಾದರೆ ಉಣ್ಣು, ನೋಡೋಣ." ಅಪ್ಪ ಕೈಮುಗಿದು, ಹೊತ್ತು ಹೋಯಿತು ಸಾರ್, ಇನ್ನು ನಾಳೆಯೇ ಎಂದರು. ಹೊಡೆತದ ಸದ್ದು ಕೇಳಿಸಿತು. ಬನ್ನು ನನ್ನ ಕೈಯಲ್ಲೇ ಮುದ್ದೆಯಾಯಿತು.

ಮಾಷಿನ ಮನೆ ಕ್ಯಾಂಪಿಗೆ ಹತ್ತಿರ. ಯಾರೋ ಹೇಳಿರಬೇಕು, ಓಡಿಬಂದರು. ಇವರ ಜಾತಿಯ ಪದ್ಧತಿಯೇ ಹೀಗೆ, ಕತ್ತಲಾದ ಮೇಲೆ ಉಣ್ಣುವುದಿಲ್ಲ, ನಡೆದು ನೋಡಿ ಎಂದು ಹೇಳಿದವನೇ ನಾನು ಎಂದು ಅಧಿಕಾರಿಗೆ ತಿಳಿಸಿ ಹೇಳಿ ಬಿಡಿಸಿದರು. ಅಪ್ಪ ದಾರಿಯುದ್ದಕ್ಕೂ ಕೆನ್ನೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ಮಾರನೆಯ ದಿನ ಅಪ್ಪ ಹೇಳಿದ್ದು ಒಂದೇ ಮಾತು: "ಓದಿದ್ದ್ ಸಾಕು ಕನ್ ಮಗ." ಕೂಗಾಡಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅವರು ಬೇಡಿಕೊಳ್ಳುವವರ ಹಾಗೆ ಹೇಳಿದರು, ಏನು ಮಾಡಲಿ? ಹೊಸ ಲಂಗವನ್ನು ಅಮ್ಮ ಮಡಚಿ ಪೆಟ್ಟಿಗೆಗೆ ಹಾಕಿದಳು. ಬೇಲಿಯಾಚೆ ಅನ್ನಮ್ಮ ಹೊಸ ಕೊಡೆ ಬಿಚ್ಚಿ ಮುಚ್ಚಿ ನೋಡುತ್ತಿದ್ದಳು. ನಾನು ಹಗ್ಗ ಬಿಗಿದ ಕರುವಿನ ಹಾಗೆ ಅಂಗಳದಲ್ಲೇ ಸುತ್ತುತ್ತಿದ್ದೆ. ಅಜ್ಜಿಯ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಅವಳು ಊಟಕ್ಕೆ ಕೂಗಿದರೆ ಓಗೊಡುತ್ತಿರಲಿಲ್ಲ. ಅವಳ ಒಂದು ಹಿಡಿ ಅನ್ನದಿಂದ ತಾನೇ ಇದೆಲ್ಲ ಆದದ್ದು?

ಶಾಲೆ ತೆರೆಯುವ ಹಿಂದಿನ ಸಂಜೆ ಮಳೆ ಹಿಡಿಯಿತು. ನಾವೆಲ್ಲ ಉಣ್ಣಲು ಕೂತೆವು. ಅಜ್ಜಿ ಕೂರಲಿಲ್ಲ.

"ನಾಳೆ ಇವ್ಳ್ನ ಕಳ್ಸು" ಎಂದಳು ಅಪ್ಪನಿಗೆ.

"ದಾರೀಲಿ ಬುತ್ತಿ ಬಿಚ್ಚಂಗಿಲ್ಲ ಕನವ್ವ. ಮತ್ತೆ ಹಿಡೀತಾರೆ."

"ಬುತ್ತಿ ಬ್ಯಾಡ. ಮನೆಗೇ ಬಂದು ಉಣ್ಲಿ, ಎಷ್ಟೊತ್ತಾದ್ರೂ."

"ಮತ್ತೆ ನೇಮ?"

"ಅವ್ಳ ಪಾಲಿನ್ದೂ ನಾನೇ ನಡೆಸ್ತೀನಿ. ಇವತ್ತಿಂದ ನಂಗೆ ಒಪ್ಪತ್ತು."

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಊಟ. ಅಪ್ಪ ಬೇಡವೆಂದರು, ಅಮ್ಮ ಅತ್ತಳು. ಅಜ್ಜಿ ಮಾತು ಮುಗಿಯಿತೆಂಬಂತೆ ನನ್ನ ತಟ್ಟೆಗೆ ಸಾರು ಬಡಿಸಿದಳು. ನನಗೋ, ಹೈಸ್ಕೂಲು ಸಿಕ್ಕಿತೆಂಬ ಖುಷಿಯಲ್ಲಿ ಬೇರೇನೂ ತಲೆಗೆ ಹೋಗಲಿಲ್ಲ.

ತಲೆಗೆ ಹೋದದ್ದು ಮರುದಿನ. ನೆನೆದು ಬಂದು ದೀಪದ ಬೆಳಕಿನಲ್ಲಿ ತಟ್ಟೆಯ ಮುಂದೆ ಕೂತೆ. ಎದುರಿನ ಹೊಸ್ತಿಲ ಮೇಲೆ ಅಜ್ಜಿ ಕೂತಿದ್ದಳು, ಹೊಟ್ಟೆಗಿಲ್ಲದೆ. ಅರ್ಧಕ್ಕೇ ಎದ್ದರೆ ಗದರಿದಳು: "ಕೂತ್ಕೊ. ನಾನ್ ಬುಟ್ಟಿರೋದು ನೀನ್ ಉಣ್ಲಿ ಅಂತ." ಹೈಸ್ಕೂಲು ಮುಗಿಯುವವರೆಗೂ ಹೀಗೇ. ತಟ್ಟೆ ಖಾಲಿಯಾಗುವವರೆಗೆ ಅವಳೂ ಏಳುತ್ತಿರಲಿಲ್ಲ, ನನ್ನನ್ನೂ ಏಳಗೊಡುತ್ತಿರಲಿಲ್ಲ. ಅಂಗಳದಲ್ಲಿ ಕಟ್ಟಿ ಹಾಕಿದ್ದೇ ವಾಸಿಯಿತ್ತು ಅನ್ನಿಸಿದ ದಿನಗಳೂ ಇವೆ. ಭಾನುವಾರ ನಾನು ಹೊತ್ತಿಗೆ ಮುಂಚೆಯೇ ಉಂಡರೂ ಅವಳು ಉಣ್ಣುತ್ತಿರಲಿಲ್ಲ. ಹತ್ತನೇ ಕ್ಲಾಸು ಪಾಸಾದಾಗ ಇನ್ನಾದರೂ ಉಣ್ಣಜ್ಜಿ ಎಂದು ಕಾಲು ಹಿಡಿದೆ. ಬಿಟ್ಟದ್ದು ಬಿಟ್ಟಂಗೆ ಎಂದಳು. ಸಾಯುವವರೆಗೂ ಒಪ್ಪತ್ತೇ.

ಈಗ ನನ್ನ ಮೊಮ್ಮಗಳಿಗೆ ಗೇಟಿನ ಮುಂದೆಯೇ ಸ್ಕೂಲ್ ಬಸ್ಸು ಬಂದು ನಿಲ್ಲುತ್ತದೆ. ನಾವು ಟಿವಿ ನೋಡುತ್ತ ಒಂಬತ್ತಕ್ಕೋ ಹತ್ತಕ್ಕೋ ಉಣ್ಣುತ್ತೇವೆ. ಹೊತ್ತು ಯಾವಾಗ ಮುಳುಗಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬೇಡವೆನಿಸಿದರೆ ಅರ್ಧ ತಟ್ಟೆ ಬಿಟ್ಟು ಎದ್ದುಬಿಡುತ್ತೇನೆ, ಕೇಳುವವರಿಲ್ಲ. ನನಗಾಗಿ ಹಸಿದು ಕೂತವರು ಈಗ ಯಾರೂ ಇಲ್ಲ.