ಅತ್ತೆಯನ್ನು ಸಾಯಿಸಿದ ಭಾನುವಾರ

ಮಧ್ಯಾಹ್ನ ಮುದ್ದೆ ಉಂಡು ಬರೆಯಲು ಕೂತರೆ ನನ್ನ ಕೈಯಲ್ಲಿ ಯಾರಾದರೊಬ್ಬರು ಸಾಯುತ್ತಾರೆ. ಬೆಳಿಗ್ಗೆ ಬರೆದರೆ ಇಷ್ಟು ಅನಾಹುತವಾಗುವುದಿಲ್ಲ. ತಿಂಡಿಯ ಹೊತ್ತಿಗೆ ನನ್ನ ಪಾತ್ರಗಳೆಲ್ಲ ಗಟ್ಟಿಮುಟ್ಟಾಗಿ ಓಡಾಡಿಕೊಂಡು, ಜಗಳವಾಡಿಕೊಂಡು, ಮದುವೆ ಗೊತ್ತುಮಾಡಿಕೊಂಡು ಇರುತ್ತವೆ. ಮುದ್ದೆ ಉಪ್ಸಾರು ಹೊಟ್ಟೆಗಿಳಿದ ಮೇಲೆ ನನ್ನ ಕಣ್ಣು ಎಳೆಯತೊಡಗುತ್ತದೆ. ಆಗ ಒಂದು ಪಾತ್ರವನ್ನು ಹಾಸಿಗೆ ಹಿಡಿಸಿದರೆ ಮಿಕ್ಕವರೆಲ್ಲ ಸುತ್ತ ಬಂದು ಕೂರುತ್ತಾರೆ, ಅವರ ಹಿಂದೆ ಅಲೆಯುವುದು ನನಗೂ ತಪ್ಪುತ್ತದೆ. ಹಾಸನದ ನಮ್ಮ ಮನೆಯಲ್ಲಿ ಇದು ಎಷ್ಟು ಮಾಮೂಲಾಗಿದೆಯೆಂದರೆ, ಸಂಜೆ ಕಾಫಿ ತರುವ ನನ್ನ ಹೆಂಡತಿ "ಇವತ್ತು ಯಾರು?" ಎಂದಷ್ಟೇ ಕೇಳುತ್ತಾಳೆ. ಹೆಸರು ಹೇಳಿದರೆ "ಅಯ್ಯೋ ಪಾಪ, ಒಳ್ಳೆಯವನಿದ್ದ" ಎಂದು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕಡೆ ತಳ್ಳುತ್ತಾಳೆ.

ಹೊಟ್ಟೆಪಾಡಿಗೆ ನಾನು ವಿಮೆ ಕಚೇರಿಯಲ್ಲಿದ್ದವನು. ಅಲ್ಲಿ ಒಬ್ಬ ಮನುಷ್ಯ ಸತ್ತನೆಂದು ನನ್ನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಸತ್ತವನ ಹೆಂಡತಿ ಎದುರಿಗೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೂ "ಇನ್ನೊಂದು ಸರ್ಟಿಫಿಕೇಟ್ ಬೇಕಲ್ಲಮ್ಮಾ" ಎನ್ನುತ್ತಿದ್ದೆ. ಅದೇ ನಾನು ಮನೆಗೆ ಬಂದು, ಯಾರ ಸಹಿಯೂ ಇಲ್ಲದೆ, ಯಾವ ಡಾಕ್ಟರನ್ನೂ ಕೇಳದೆ, ಮೂರು ಮಕ್ಕಳ ತಂದೆಯೊಬ್ಬನನ್ನು ಅರ್ಧ ಪುಟದಲ್ಲಿ ಮುಗಿಸಿಬಿಡುತ್ತಿದ್ದೆ.

ಕಥೆಗಾರರು ಪಾತ್ರಗಳನ್ನು ಯಾಕೆ ಸಾಯಿಸುತ್ತಾರೆ ಎಂದು ವಿಚಾರಸಂಕಿರಣಗಳಲ್ಲಿ ಕೇಳಿದರೆ ಬದುಕಿನ ನಶ್ವರತೆ, ವಿಧಿಯ ಕ್ರೌರ್ಯ ಮುಂತಾದ ತೂಕದ ಉತ್ತರಗಳು ಬರುತ್ತವೆ. ನನ್ನನ್ನು ಕೇಳಿದರೆ ಅರ್ಧಕ್ಕರ್ಧ ಸಾವುಗಳಿಗೆ ಕಾರಣ ಸೋಮಾರಿತನ. ನನ್ನ ಮೊದಲ ಕಾದಂಬರಿಯಲ್ಲಿ ಒಬ್ಬ ಚಿಕ್ಕಪ್ಪ ಇದ್ದ. ಎರಡನೆಯ ಅಧ್ಯಾಯದಲ್ಲಿ ಯಾವುದೋ ಸಣ್ಣ ಕೆಲಸಕ್ಕೆಂದು ಕರೆಸಿಕೊಂಡೆ. ಕೆಲಸ ಮುಗಿದರೂ ಆಸಾಮಿ ಹೊರಡಲಿಲ್ಲ. ಬೆಳಗಾದರೆ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಾನೆ, ಅವನಿಗೆ ಕಾಫಿ ಕೊಡಿಸಬೇಕು, ಮಾತಾಡಿಸಬೇಕು. ನಿಜವಾದ ನೆಂಟರಾದರೆ "ಬಸ್ಸಿಗೆ ಹೊತ್ತಾಯ್ತೇನೋ" ಎಂದು ಸೂಕ್ಷ್ಮವಾಗಿ ನೆನಪಿಸಬಹುದು. ಕಾದಂಬರಿಯ ನೆಂಟನಿಗೆ ಅದು ನಾಟುವುದಿಲ್ಲ. ಕೊನೆಗೆ ವಿಷಮಶೀತಜ್ವರ ಬರಿಸಿದೆ. ಆ ಸಾವಿನಲ್ಲಿ ಒಬ್ಬ ವಿಮರ್ಶಕರಿಗೆ ಕೃಷಿಕ ಸಮಾಜದ ಅವಸಾನ ಕಂಡಿತು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಇನ್ನೊಂದು ಕಾರಣವೂ ಇದೆ. ಸಾಯುವುದರಲ್ಲಿ ಒಂದು ಗತ್ತಿದೆ. ಅರಕಲಗೂಡು ಕಡೆಯ ಊರುಗಳಲ್ಲಿ ಪೌರಾಣಿಕ ನಾಟಕ ಕಲಿಯುವಾಗ ಜನ ಹಾರ್ಮೋನಿಯಂ ಮೇಷ್ಟ್ರ ಹಿಂದೆ ಬೀಳುತ್ತಿದ್ದುದು ಸಾಯುವ ಪಾತ್ರಕ್ಕೆ. ಗೆದ್ದು ರಾಜ್ಯವಾಳುವವನಿಗೆ ಕೊನೆಗೊಂದು ಮಂಗಳಾರತಿ, ಅಷ್ಟೆ. ಸಾಯುವವನಿಗಾದರೆ ಎರಡು ಹಾಡು, ಅವನಿಗಾಗಿ ಅಳುವ ತಾಯಿಗೆ ಇನ್ನೆರಡು. ನಮ್ಮ ನೆಂಟರೊಬ್ಬರು, ಆಲೂಗಡ್ಡೆ ವ್ಯಾಪಾರದವರು, ಬಾಣ ತಿಂದು ಬಿದ್ದು, ಹಾಡಿ, ಸತ್ತ ಮೇಲೆ ಜನ "ಒನ್ಸ್ ಮೋರ್" ಎಂದರೆಂದು ಎದ್ದು ಕಿರೀಟ ಸರಿಮಾಡಿಕೊಂಡು ಮತ್ತೆ ಹಾಡಿ ಮತ್ತೆ ಸತ್ತರು. ಮೂರನೆಯ ಸಲ ಯಾರೂ ಕೇಳಲಿಲ್ಲ, ಆದರೂ ಎದ್ದರು. "ಬಿದ್ಕಳಯ್ಯಾ, ಎಷ್ಟು ಸಲ ಸಾಯ್ತೀಯ" ಎಂದು ಮೇಷ್ಟ್ರೇ ಗದರಿ ಮಲಗಿಸಬೇಕಾಯಿತು.

ನಮ್ಮ ಪೂರ್ವಿಕರಿಗೂ ಈ ಗುಟ್ಟು ತಿಳಿದಿತ್ತು. ಕಚೇರಿ ಕೆಲಸದ ಮೇಲೆ ದಂಡಿಗನಹಳ್ಳಿ ಕಡೆ ಹೋದಾಗಲೆಲ್ಲ ಕೆರೆ ಏರಿಯ ಪಕ್ಕದ ಒಂದು ವೀರಗಲ್ಲಿನ ಮುಂದೆ ಸ್ಕೂಟರ್ ನಿಲ್ಲಿಸುತ್ತಿದ್ದೆ. ಕೆಳಗಿನ ಪಟ್ಟಿಯಲ್ಲಿ ಆ ಕಲ್ಲಿನ ವೀರ ದನಗಳ್ಳರ ಜೊತೆ ಕಾದಾಡಿ ಬೀಳುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ತೋಳು ಹಿಡಿದು ಮೇಲಕ್ಕೊಯ್ಯುತ್ತಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಅದೇ ಜಗಳದಲ್ಲಿ ಅವನ ಪಕ್ಕದಲ್ಲೇ ಕಾದಾಡಿ, ದನ ಬಿಡಿಸಿಕೊಂಡು, ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಮನೆಗೆ ಬಂದು, ಮೊಮ್ಮಕ್ಕಳನ್ನು ಆಡಿಸಿದ ಇನ್ನೊಬ್ಬನೂ ಇದ್ದಿರಬೇಕಲ್ಲ? ಅವನಿಗೆ ಯಾರೂ ಕಲ್ಲು ನೆಡಲಿಲ್ಲ. ಅವನನ್ನು ನೆನೆದು ನನಗೆ ನಿಜವಾಗಿ ಬೇಸರವಾಗುತ್ತಿತ್ತು.

ಈ ಎಲ್ಲ ಕಾರಣಗಳನ್ನೂ ಬುಡಮೇಲು ಮಾಡಿದವಳು ನನ್ನ ಸೋದರತ್ತೆ ಪುಟ್ಟತಾಯಮ್ಮ, ನನ್ನ ಅಪ್ಪನ ಅಕ್ಕ. ಹೈಸ್ಕೂಲಿನ ಮೂರು ವರ್ಷ ನಾನು ಹೊಳೆನರಸೀಪುರದಲ್ಲಿ ಅವಳ ಮನೆಯಲ್ಲಿದ್ದೆ. ಸಂಜೆ ಅವರೆಕಾಯಿ ಬಿಡಿಸುತ್ತಾ ಕಥೆ ಹೇಳುವಳು. ಅವಳ ಕಥೆಗಳಲ್ಲಿ ಒಂದು ನೊಣವೂ ಸಾಯುತ್ತಿರಲಿಲ್ಲ. ಮುದುಕಿಯನ್ನು ತಿನ್ನಲು ಬಂದ ಹುಲಿ ಮುದುಕಿಯ ಕೈಯ ರೊಟ್ಟಿ ತಿಂದು ವಾಪಸಾಗುವುದು, ರಾಕ್ಷಸ ನೆಗಡಿಯಾಗಿ ಮಲಗಿಬಿಡುವನು. "ಒಬ್ಬನನ್ನಾದರೂ ಸಾಯಿಸತ್ತೆ" ಎಂದು ನಾನು ಗೋಗರೆಯುತ್ತಿದ್ದೆ. "ಯಾಕ್ಲಾ, ಅವ್ನೇನ್ ನಿನ್ ಗಂಟು ತಿಂದವ್ನಾ?" ಎಂದು ಅವಳು ಮುಂದಿನ ಕಾಯಿ ಬಿಡಿಸುವಳು. ಆ ಅವರೆಯ ಸೊಗಡು ನನ್ನ ಮೂಗಿನಲ್ಲಿ ಇವತ್ತಿಗೂ ಇದೆ. ಅಂಥ ಅವರೆ ಈಗೆಲ್ಲಿ ಬರುತ್ತದೆ ಎಂದು ಗೊಣಗುತ್ತಿರುತ್ತೇನೆ. ಅವರೆ ಅದೇ ಇರಬಹುದು, ಬಿಡಿಸುವ ಕೈ ಬೇರೆ.

ಅಂಥ ಮನೆಯಲ್ಲೇ ನಾನು ಮೊಟ್ಟಮೊದಲ ಸುಳ್ಳು ಸಾವನ್ನು ನೋಡಿದ್ದು. ಒಂದು ಬೆಳಿಗ್ಗೆ ಅತ್ತೆಯ ಗಂಡ, ನಮ್ಮ ಮಾವ, ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದಾಗ ಕಾಗೆಯೊಂದು ಅವರ ತಲೆಗೆ ಬಡಿದು ಹಾರಿತು. ಕಾಗೆ ಶನಿಯ ವಾಹನ. ತಲೆ ಮುಟ್ಟಿದರೆ ಕಂಟಕ. ಅದಕ್ಕೆ ನಮ್ಮ ಕಡೆ ಇರುವ ಪರಿಹಾರ ನಿಮಗೆ ಗೊತ್ತಿರಬಹುದು. ಆ ಮನುಷ್ಯ ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅತ್ತರೆ ಕಂಟಕ ಆ ಕಣ್ಣೀರಿನಲ್ಲೇ ಕಳೆದುಹೋಗುತ್ತದೆ. ಆಮೇಲೆ ನಿಜ ಹೇಳಿ ನಗಬೇಕು. ಅರಕಲಗೂಡಿನಲ್ಲಿ ಮಾವನ ತಂಗಿ ಇದ್ದಳು. ಮಗಳ ಮದುವೆಗೆ ಅಣ್ಣ ತಂದ ಸೀರೆಯ ಬಣ್ಣದ ವಿಷಯಕ್ಕೆ ಮುನಿಸಿಕೊಂಡು ಅವಳು ಈ ಮನೆಯ ಹೊಸಿಲು ತುಳಿದು ವರ್ಷಗಳಾಗಿದ್ದವು. ಪಕ್ಕದ ಮನೆಯ ತಿಮ್ಮಣ್ಣನನ್ನು ಬೆಳಗಿನ ಬಸ್ಸಿಗೆ ಅಲ್ಲಿಗೆ ಕಳಿಸಿದರು.

ತಿಮ್ಮಣ್ಣ ಬಲು ಮೆತ್ತನೆಯ ಮನಸ್ಸಿನವನು. ಸುದ್ದಿಯ ಮೊದಲರ್ಧವನ್ನೇನೋ ಸರಿಯಾಗಿಯೇ ಹೇಳಿದ. ಆದರೆ ಆ ಮನೆಯ ಹೆಂಗಸರು ಎದೆ ಬಡಿದುಕೊಂಡು ಅಳುವುದನ್ನು ನೋಡಿ ಅವನಿಗೂ ತಡೆಯಲಾಗಲಿಲ್ಲ. ಗೋಡೆಗೊರಗಿ ತಾನೂ ಅಳಲು ಶುರುಮಾಡಿದ, ಸುದ್ದಿಯ ಉಳಿದರ್ಧ ಗಂಟಲಲ್ಲೇ ಉಳಿಯಿತು. ಅವರು ವ್ಯಾನು ಗೊತ್ತುಮಾಡಿ, ಹೂವಿನ ಹಾರ ತಂದು, ಬಿಕ್ಕುತ್ತಿದ್ದ ತಿಮ್ಮಣ್ಣನನ್ನೂ ಸಮಾಧಾನ ಮಾಡಿ ಕೂರಿಸಿಕೊಂಡು ಹೊರಟೇಬಿಟ್ಟರು.

ಮಾವ ಜಗಲಿಯ ಮೇಲೆ ಕಡಲೆಪುರಿ ತಿನ್ನುತ್ತಾ ಕೂತಿದ್ದರು. ಬೀದಿಯ ತುದಿಯಿಂದಲೇ ತಂಗಿಯ ದನಿ ಕೇಳಿತು: "ನನ್ನಣ್ಣಯ್ಯಾ, ಎಗಲ್ ಮೇಲೆ ಕುಂಡ್ರುಸ್ಕಂಡು ಒಳೆ ದಾಟುಸ್ತಿದ್ದ ಅಣ್ಣಯ್ಯಾ, ಒಂದ್ ಸೀರೆ ಬಣ್ಣಕ್ಕೆ ನಿನ್ ಬಾಗ್ಲು ಮರತ್ನಲ್ಲೋ ನನ್ನಪ್ಪಾ..." ಮಾವನ ಕೈಯಲ್ಲಿದ್ದ ಪುರಿ ಬಾಯಿಗೆ ಹೋಗಲಿಲ್ಲ. ಎದ್ದು ನಿಂತು, "ಇಲ್ಲೇ ಇವ್ನಿ ಕಣವ್ವಾ" ಎಂದರು. ತಂಗಿ ದಿಟ್ಟಿಸಿ ನೋಡಿದಳು. ಅದೇ ಹಾರದಿಂದ ಅವರನ್ನು ಬಾರಿಸಿದಳು. ಆಮೇಲೆ ತಬ್ಬಿಕೊಂಡು ಇನ್ನೂ ಜೋರಾಗಿ ಅತ್ತಳು. ಅವತ್ತು ಬಂದವರಿಗೆಲ್ಲ ಅಲ್ಲೇ ಊಟವಾಯಿತು. ಕಂಟಕ ಕಳೆಯಿತೋ ಇಲ್ಲವೋ ನಾನು ಹೇಳಲಾರೆ. ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ್ದನ್ನು ಆ ತಂಗಿ ಅಷ್ಟು ವರ್ಷ ನೆನಪಿಟ್ಟಿದ್ದಳೆಂದು ಮಾವನಿಗೆ ಗೊತ್ತಾಗಲು ಮಾತ್ರ ಅವರು ಒಮ್ಮೆ ಸಾಯಬೇಕಾಯಿತು.

ಮಾವ ಆಮೇಲೆ ಬಹಳ ಕಾಲ ಬದುಕಿದರು. ನಾನು ಓದಿ, ಕೆಲಸ ಹಿಡಿದು, ಕಥೆಗಾರನಾಗಿ, ನಿವೃತ್ತನೂ ಆದೆ. ಈಚೆಗೆ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಧಾರಾವಾಹಿ ಬರೆಯತೊಡಗಿದಾಗ ಅದರಲ್ಲಿ ಸಣ್ಣತಾಯಮ್ಮ ಎಂಬ ಹೆಂಗಸನ್ನು ತಂದೆ. ಪುಟ್ಟ ಎಂಬುದನ್ನು ಸಣ್ಣ ಮಾಡಿ, ಊರನ್ನು ಅರಕಲಗೂಡಿಗೆ ಬದಲಿಸಿದ್ದಷ್ಟೇ ನನ್ನ ಕಲ್ಪನಾಶಕ್ತಿ. ಅತ್ತೆಯ ಸೊಸೆ ಸವಿತಾ ವಾರವಾರವೂ ಅದನ್ನು ಅವಳಿಗೆ ಓದಿ ಹೇಳುತ್ತಿದ್ದಳು. ಬಸ್ಸು ನಿಲ್ಲುವ ಮೊದಲೇ ಸಣ್ಣತಾಯಮ್ಮ ಕಿಟಕಿಯಿಂದ ಬಟ್ಟೆಬ್ಯಾಗು ಎಸೆದು ಸೀಟು ಹಿಡಿಯುವ ಪ್ರಸಂಗ ಬಂದ ವಾರ ಅತ್ತೆಯೇ ಫೋನ್ ಮಾಡಿದಳು. "ಬ್ಯಾಗ್ ಎಸ್ಯದ್ನೂ ಬುಡ್ನಿಲ್ವಲ್ಲಾ ನೀನು! ಓದ್ಲಿ ಬುಡು, ಗುರಿ ತಪ್ತಿರ್ಲಿಲ್ಲ ಅಂತಾನೂ ಬರಿ." ಮುಂದೆ ಸಣ್ಣತಾಯಮ್ಮನ ಸಾವು ಬರಲಿದೆ ಎಂದು ನಾನು ಬಾಯಿಬಿಡಲಿಲ್ಲ. ಸಂಪಾದಕರಿಗೆ ಮೊದಲೇ ಹೇಳಿಬಿಟ್ಟಿದ್ದೆ.

ಅಷ್ಟರಲ್ಲಿ ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ, ಏನೂ ಹೇಳಲಾಗದು ಎಂದರು ಡಾಕ್ಟರು. ಜೀವಮಾನವೆಲ್ಲ ಲೆಕ್ಕವಿಲ್ಲದೆ ಪಾತ್ರಗಳನ್ನು ಸಾಯಿಸಿದ ನಾನು ಪೆನ್ನು ಮುಚ್ಚಿಟ್ಟೆ. ಬರೆದದ್ದು ನಿಜವಾಗಿಬಿಟ್ಟರೆ? ಸಣ್ಣತಾಯಮ್ಮನ ಕೂದಲೂ ಕೊಂಕದಂತೆ ಕಥೆಯನ್ನು ಮುಗಿಸಿಬಿಡಬೇಕೆಂದು ತೀರ್ಮಾನಿಸಿದೆ. ಇದನ್ನು ಸವಿತಾಳಿಗೆ ಹೇಳಿದ್ದೇ ತಪ್ಪಾಯಿತು. ಅರ್ಧ ಗಂಟೆಯಲ್ಲಿ ಅತ್ತೆಯ ಫೋನು.

"ಲೋ, ಸಣ್ತಾಯಮ್ಮನ್ನ ಸಾಯ್ಸಾಕಿಲ್ಲ ಅಂದ್ಯಂತೆ? ತಲೆಗಿಲೆ ಕೆಟ್ಟದಾ? ಬುಧವಾರ ನನ್ ಆಪ್ರೇಸನ್ನು. ಅದ್ಕೂ ಮುಂಚೆ ಭಾನುವಾರದ್ ಪೇಪರ್ನಾಗೆ ಸಾಯ್ಸ್ಬುಡು. ಓದೋರು ಅಳ್ಲಿ. ಅತ್ರೆ ಕಂಟ್ಕ ಕಳೀತದೆ."

"ಅತ್ತೆ, ಅದು ಕಥೆ" ಎಂದೆ.

"ಅದೂ ಸುಳ್ ಸುದ್ದಿನೇ ಅಲ್ವೇನ್ಲಾ? ಅಳೋರಿಗ್ ಗೊತ್ತಿರ್ಬಾರ್ದು, ಅಷ್ಟೆಯ."

ಸಾಹಿತ್ಯದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೂತೆ. ಈ ಸಲ ನಿದ್ದೆಯ ಮಂಪರು ಇರಲಿಲ್ಲ. ಯಾರನ್ನೋ ತೊಲಗಿಸುವ ಅವಸರವೂ ಇರಲಿಲ್ಲ. ಬರೆಯುತ್ತಾ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ನನ್ನ ಹೆಂಡತಿ ಅವತ್ತು "ಯಾರು?" ಎಂದು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಪೇಪರು ಹಿಡಿದು ಆಸ್ಪತ್ರೆಗೆ ಹೋದೆ. ಅತ್ತೆ ದಿಂಬಿಗೊರಗಿ ಕೂತು "ಓದು" ಎಂದಳು. ಮೊದಮೊದಲು ನಡುವೆ ಬಾಯಿ ಹಾಕುತ್ತಿದ್ದಳು. "ಡಾಕ್ಟ್ರನ್ನ ಒಳ್ಳೇವ್ನು ಅಂತ ಬರ್ದಿದ್ದೀ ತಾನೇ? ಇಲ್ಲೇ ಓಡಾಡ್ತಾವ್ರೆ." ಆಮೇಲೆ ಸಣ್ಣತಾಯಮ್ಮನ ತಮ್ಮನ ಮಗ ಅವಳ ತಲೆಯ ಬಳಿ ಕೂತು ನೆನೆಸಿಕೊಳ್ಳುವ ಭಾಗ ಬಂತು. ಹುಡುಗನನ್ನು ಹಾಸನದ ಕಾಲೇಜಿಗೆ ಬಿಡಲು ಹೋಗುವಾಗಲೆಲ್ಲ ಅವಳು ಬ್ಯಾಗೆಸೆದು ಸೀಟು ಹಿಡಿಯುವಳು. ಅದರಲ್ಲಿ ಅವನನ್ನು ಕೂರಿಸಿ, ಕೂತರೆ ತನಗೆ ವಾಂತಿ ಬರುತ್ತದೆಂದು ಕಂಬಿ ಹಿಡಿದು ಹಾಸನದವರೆಗೂ ನಿಂತೇ ಬರುವಳು. ತಾನು ಹಿಡಿದ ಸೀಟಿನಲ್ಲಿ ಅವಳು ಒಂದು ದಿನವೂ ಕೂತಿರಲಿಲ್ಲ. ಒಬ್ಬಳೇ ವಾಪಸಾಗುವಾಗ ಅವಳು ಹಾಯಾಗಿ ಕೂತೇ ಹೋಗುವುದನ್ನು ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದ್ದ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಪುರವಣಿಯಲ್ಲಿ ನನ್ನ ನಂಬರು ಇರುತ್ತದೆ. ಸ್ಪೀಕರ್ ಹಾಕು ಎಂದು ಅತ್ತೆ ಕೈ ಮಾಡಿದಳು. ಚನ್ನರಾಯಪಟ್ಟಣದ ಓದುಗರೊಬ್ಬರು. "ಏನ್ ಸಾ, ಸಣ್ತಾಯಮ್ಮನ್ನ ಸಾಯ್ಸ್ಬುಟ್ರಲ್ಲಾ! ನಮ್ಮವ್ವ ತಿಂಡಿನೂ ತಿನ್ದೆ ಅಳ್ತಾ ಕುಂತವ್ಳೆ. ಮುಂದಿನ್ ವಾರ ಕನ್ಸು ಅಂತ ಬರ್ದು ಎಬ್ಬುಸ್ಬುಡಿ ಸಾ." ಏನೋ ಹೇಳಿ ಫೋನ್ ಇಟ್ಟೆ.

"ಆವಮ್ಮ ನೂರ್ಕಾಲ ಚೆಂದಾಗಿರ್ಲಿ" ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗದೆ ಕೇಳಿದಳು: "ಬಸ್ನಾಗೆ ನಾನ್ ಯಾಕ್ ನಿಂತ್ಕತಿದ್ದೆ ಅಂತ ಗೊತ್ತಿತ್ತೇನ್ಲಾ ನಿಂಗೆ?"

"ಗೊತ್ತಿತ್ತು ಅತ್ತೆ."

"ಮತ್ತೆ ಒಂದಿನಾನೂ ಬಾಯ್ ಬುಡ್ನಿಲ್ವಲ್ಲಾ."

ಮುದ್ದೆ, ಸೋಮಾರಿತನ, ಗತ್ತು ಎಂದು ಅಷ್ಟು ಕಾರಣ ಕೊಡುತ್ತಿದ್ದವನಿಗೆ ಅಸಲು ಕಾರಣ ಆ ಮಂಚದ ಪಕ್ಕ ಹೊಳೆಯಿತು. ಬದುಕಿರುವವರ ಎದುರು ನಮಗೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಅವರನ್ನು ಕಥೆಯೊಳಗೆ ಕರೆದೊಯ್ದು, ಮಲಗಿಸಿ, ಕಣ್ಣು ಮುಚ್ಚಿಸಿ, ಆಮೇಲೆ ಮಾತಾಡುತ್ತೇವೆ.

ಆಪರೇಷನ್ ಚೆನ್ನಾಗಿ ಆಯಿತು. ಯಾರ ಕಣ್ಣೀರಿನಿಂದಲೋ, ಡಾಕ್ಟರ ಕೈಗುಣದಿಂದಲೋ, ಅತ್ತೆ ಈಗ ಹೊಳೆನರಸೀಪುರದಲ್ಲಿ ಮೊದಲಿನ ಹಾಗೆಯೇ ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕಿಕೊಂಡಿದ್ದಾಳೆ. ಅವಳಿಗೆ ಹೇಳಬೇಕಾದ್ದು ನನ್ನಲ್ಲಿ ಇನ್ನೂ ಬೇಕಾದಷ್ಟಿದೆ. ಇನ್ನು ಮೇಲೆ ಎದುರಿಗೇ ಹೇಳಬೇಕೆಂದು ನಿಶ್ಚಯಿಸಿ ಕಳೆದ ವಾರ ಹೋದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡೆ. ಅತ್ತೆ ಬಾಗಿಲಲ್ಲೇ ಕೂತಿದ್ದಳು. ಎದುರಿಗೆ ಕೂತು, ಗಂಟಲು ಸರಿಮಾಡಿಕೊಂಡು, "ಊಟ ಆಯ್ತಾ ಅತ್ತೆ? ಮಾತ್ರೆ ತಗೊಂಡ್ಯಾ?" ಎಂದೆ.

ಅತ್ತೆ ಇನ್ನೇನಾದರೂ ಬರಬಹುದೆಂದು ನನ್ನ ಮುಖ ನೋಡಿದಳು. ಆಮೇಲೆ ನಕ್ಕುಬಿಟ್ಟಳು.

"ಸತ್ತಿದ್ದಾಗ ಎಷ್ಟ್ ಚೆಂದಾಗ್ ಮಾತಾಡ್ಸಿದ್ದೆ ಕಣ್ಲಾ."